ನಲವತ್ತೆರಡು ಹೆಬ್ಬೆಟ್ಟು

ಮಗಳು ತಸ್ಲೀಮಳ ಒಂದು ಜಡೆ ಮುಗಿಸಿ ಇನ್ನೊಂದಕ್ಕೆ ಕೂದಲು ಬಿಡಿಸುತ್ತಿದ್ದಾಗ ಬಾಗಿಲ ಮುಂದೆ ಲೂನಾ ಬಂದು ನಿಂತಿತು. ಲೂನಾ ನಿಂತರೂ ಅದರ ಎಂಜಿನ್ ನಿಲ್ಲಲಿಲ್ಲ. ನಮ್ಮ ರೇಷ್ಮೆ ನೂಲಿನ ಫಿಲೇಚರಿನ ಮ್ಯಾನೇಜರ್ ಚನ್ನಕೇಶವ ಅವರು ಅದನ್ನು ದಾರಿಯಲ್ಲಿ ಎಲ್ಲೂ ಆರಿಸುವುದಿಲ್ಲ. ಆರಿಸಿದರೆ ಮತ್ತೆ ಸ್ಟಾರ್ಟ್ ಮಾಡಲು ಇಬ್ಬರು ತಳ್ಳಬೇಕು.

"ಅಜೀಜಾ, ಬೆಂಗಳೂರಿನ ಮೇಡಂ ಸೋಮವಾರ ಅಲ್ವಂತೆ, ಇವತ್ತೇ ಬರ್ತಾರಂತೆ. ಹನ್ನೊಂದು ಗಂಟೆಗೆ. ಇದರ ಕೊನೇ ಹಾಳೇಲಿ ಒಂದು ಸೈನ್ ಹಾಕಿ ತಗೊಂಡು ಬಂದ್ಬಿಡಮ್ಮ."

ನನ್ನ ಒಂದು ಕೈಯಲ್ಲಿ ಬಾಚಣಿಗೆ, ಇನ್ನೊಂದರಲ್ಲಿ ಕೂದಲು. ಅವರು ದೂರಿನ ರಿಜಿಸ್ಟರನ್ನು ತಸ್ಲೀಮಳ ತೊಡೆಯ ಮೇಲೆ ಇಟ್ಟರು. ಅವಳು ಅದನ್ನು ನೋಡಿ ನೆಟ್ಟಗೆ ಕೂತಳು.

"ನಾನಿನ್ನೂ ಯಾರನ್ನೂ ಕೇಳೇ ಇಲ್ವಲ್ಲ ಸಾರ್?"

"ಕೇಳಿದ್ದಾಯ್ತು. ಗುರುವಾರ ನೀನು ಲೈಸೆನ್ಸ್ ಕೆಲಸಕ್ಕೆ ಚಿಕ್ಕಬಳ್ಳಾಪುರಕ್ಕೆ ಹೋಗಿದ್ದೆಯಲ್ಲ, ಅವತ್ತು ನಾನೇ ಎಲ್ಲಾ ಮುಗಿಸ್ದೆ. ಹಾರ ತರಬೇಕು, ಎಳನೀರು ತರಬೇಕು, ಬರ್ತೀನಿ."

ಲೂನಾ ಹೋಯಿತು.

ಅದು ತೊಂಬತ್ತಾರನೇ ಇಸವಿ. ಶಿಡ್ಲಘಟ್ಟದ ನಮ್ಮ ಫಿಲೇಚರಿನಲ್ಲಿ ನಲವತ್ತೆರಡು ಹೆಂಗಸರು ರೇಷ್ಮೆ ನೂಲು ಬಿಚ್ಚುತ್ತಿದ್ದರು. ಕೆಲವರು ಊರಿನವರು, ಕೆಲವರು ಸಾದಲಿ ಕಡೆಯಿಂದ ಮೊದಲನೇ ಬಸ್ಸಿಗೆ ಬರುವವರು. ಕುದಿಯುವ ನೀರಿನ ಬೇಸಿನ್ನಿನಲ್ಲಿ ಗೂಡು ತೇಲುತ್ತಿರುತ್ತದೆ. ಅದರೊಳಗೆ ಬೆರಳು ಹಾಕಿ ಎಳೆಯ ತುದಿ ಹುಡುಕಿ ಹಿಡಿಯಬೇಕು. ಬೆಳಗಿನಿಂದ ಸಂಜೆವರೆಗೆ ಅದೇ ಕೆಲಸ. ನಮ್ಮ ನೂಲನ್ನು ಬೆಂಗಳೂರಿನ ಒಂದು ರಫ್ತು ಕಂಪನಿ ಕೊಳ್ಳುತ್ತಿತ್ತು. ಆ ಕಂಪನಿಯಿಂದ ಬಟ್ಟೆ ಕೊಳ್ಳುತ್ತಿದ್ದ ವಿದೇಶದ ಅಂಗಡಿಯವರು ಆ ವರ್ಷ ಇಪ್ಪತ್ತೆರಡು ನಿಯಮಗಳಿದ್ದ ಒಂದು ಕಾಗದ ಕಳಿಸಿದ್ದರು. ಅವನ್ನು ಪಾಲಿಸದ ಫ್ಯಾಕ್ಟರಿಯ ನೂಲು ಕೊಳ್ಳುವಂತಿರಲಿಲ್ಲ. ನಮ್ಮ ಸಾಹುಕಾರರಾದ ವೆಂಕಟರಾಮಪ್ಪನವರು ಅದಕ್ಕೆ ಓದದೆಯೇ ಸೈನ್ ಹಾಕಿದ್ದರು. ಒಂಬತ್ತನೇ ನಿಯಮದ ಪ್ರಕಾರ ಫ್ಯಾಕ್ಟರಿಯಲ್ಲಿ ಒಬ್ಬ ಮಹಿಳಾ ಅಧಿಕಾರಿ ಇರಬೇಕು. ಆಕೆ ಪ್ರತಿಯೊಬ್ಬ ಕೆಲಸಗಾರ್ತಿಯನ್ನೂ ಒಬ್ಬಳನ್ನೇ ಕೂರಿಸಿಕೊಂಡು, "ನಿಮಗೆ ಏನಾದರೂ ದೂರು ಇದೆಯಾ?" ಎಂದು ಕೇಳಿ, ಉತ್ತರವನ್ನು ಬರೆದುಕೊಳ್ಳಬೇಕು.

ಆಫೀಸಿನಲ್ಲಿದ್ದ ಹೆಂಗಸು ನಾನೊಬ್ಬಳೇ. ಎಸ್ಸೆಸ್ಸೆಲ್ಸಿ ಮುಗಿಸಿ, ಟೈಪಿಂಗ್ ಪರೀಕ್ಷೆ ಪಾಸು ಮಾಡಿ, ಏಳು ವರ್ಷದಿಂದ ಅಲ್ಲಿ ಟೈಪಿಸ್ಟ್ ಆಗಿದ್ದೆ. ಒಂದು ದಿನ ಕೆಲಸಕ್ಕೆ ಹೋದರೆ ಗೋಡೆಯ ಮೇಲೆ 'ಕ್ಷೇಮಾಧಿಕಾರಿ: ಶ್ರೀಮತಿ ಅಜೀಜಾ' ಎಂದು ಹಸಿರು ಬೋರ್ಡು ಇತ್ತು. ನನಗೆ ಹೇಳಿದ್ದು ಮಾರನೆಯ ದಿನ. ಮೊದಲು ತಾತ್ಕಾಲಿಕ, ಬೆಂಗಳೂರಿನ ಮೇಡಂ ನೋಡಿ ಒಪ್ಪಿದರೆ ಕಾಯಂ ಎಂದರು. ನನ್ನ ಗಂಡ ಬಷೀರ್ ಅಹಮದ್ ಗೂಡಿನ ಮಾರ್ಕೆಟ್ಟಿನಲ್ಲಿ ಹರಾಜು ನಡೆಯುತ್ತಿದ್ದಾಗಲೇ ಈ ಸುದ್ದಿ ಹೇಳಿಬಂದರು. ನಮ್ಮ ಓಣಿಯಲ್ಲಿ ಅಧಿಕಾರಿ ಅನ್ನಿಸಿಕೊಂಡ ಹೆಂಗಸು ಅದುವರೆಗೆ ಯಾರೂ ಇರಲಿಲ್ಲ. ಆ ಕೆಲಸ ನನಗೆ ಬೇಕಾಗಿತ್ತು.

ಆದರೆ ಒಬ್ಬೊಬ್ಬರನ್ನೇ ಕೂರಿಸಿ ಕೇಳಲು ಒಂದು ಕೋಣೆ ಬೇಕಲ್ಲ. ಬಾಗಿಲು ಇರುವ ಕೋಣೆ ಅಂದರೆ ಗೂಡಿನ ಗೋಡೌನ್ ಮಾತ್ರ. "ಗೂಡಿನ ಜೊತೆ ಹೆಂಗಸರನ್ನ ಕೂರಿಸಿದ್ರೆ ಗೂಡು ಕಾಯೋರು ಯಾರಮ್ಮ?" ಎಂದು ಚನ್ನಕೇಶವ ಅವರು ಕೇಳಿದರು. ಯಾರು ಎಂದು ಇಬ್ಬರಿಗೂ ಹೊಳೆಯಲಿಲ್ಲ. ಹೀಗೆ ಆರು ವಾರ ಕಳೆದಿದ್ದವು.

ಈಗ ರಿಜಿಸ್ಟರ್ ತೆರೆದು ನೋಡಿದೆ. ಹಾಳೆಯ ತಲೆಯಲ್ಲಿ 'ನಿಮಗೆ ಏನಾದರೂ ದೂರು ಇದೆಯಾ?' ಎಂಬ ಪ್ರಶ್ನೆ, ಕೆಳಗೆ ನಲವತ್ತೆರಡು ಹೆಸರು. ಪ್ರತಿ ಹೆಸರಿನ ಮುಂದೆ ಚನ್ನಕೇಶವ ಅವರ ಗುಂಡು ಅಕ್ಷರದಲ್ಲಿ 'ನನಗೆ ಯಾವ ದೂರೂ ಇಲ್ಲ' ಎಂದು ಬರೆದು, ಪಕ್ಕದಲ್ಲಿ ನೇರಳೆ ಇಂಕಿನ ಹೆಬ್ಬೆಟ್ಟು ಒತ್ತಲಾಗಿತ್ತು.

ಅಕ್ಕಿ ಆರಿಸುತ್ತಿದ್ದ ನನ್ನ ಅತ್ತೆ ಖತೀಜಾ ಬೀ ಕತ್ತು ಚಾಚಿ ನೋಡಿದರು. ಅವರು ಇಪ್ಪತ್ತೆಂಟು ವರ್ಷ ಬೇಸಿನ್ ಮುಂದೆ ಕೂತವರು.

"ಇವರೆಲ್ಲ ಹೊಸಬರಾ?"

"ಇಲ್ಲಮ್ಮ, ಹಳಬರೇ. ಅಕ್ಕಯಮ್ಮ, ರಾಮಲಕ್ಷ್ಮಮ್ಮ, ಎಲ್ಲಾ ನಿಮಗೆ ಗೊತ್ತಿರೋರೇ."

"ಅಕ್ಕಯಮ್ಮನ ಹೆಬ್ಬೆಟ್ಟಲ್ಲಿ ಇಷ್ಟು ಚೆಂದದ ಗೆರೆ ಬಂತಾ? ನನ್ನ ಪಕ್ಕದ ಬೇಸಿನ್ನಲ್ಲೇ ಕೂತಿದ್ದವಳು ಕಣೇ ಅವಳು." ಅತ್ತೆ ತಮ್ಮ ಹೆಬ್ಬೆರಳನ್ನು ನನ್ನ ಮುಖದ ಮುಂದೆ ಹಿಡಿದರು. ಅದು ಹುಣಸೆಬೀಜದ ಹಾಗೆ ನುಣ್ಣಗಿತ್ತು. "ರೇಷನ್ ಕಾರ್ಡಿಗೆ ಆ ಗುಮಾಸ್ತ ನನ್ನ ಬೆರಳನ್ನ ನಾಲ್ಕು ಸಲ ಒತ್ತಿಸಿದ. ನಾಲ್ಕು ಸಲವೂ ಬರೀ ಮಸಿ. ಕೊನೆಗೆ ಇದೇ ಹೆಬ್ಬೆಟ್ಟು ಅಂತ ಕೆಳಗೆ ಬರಕೊಂಡ. ಬಿಸಿನೀರಲ್ಲಿ ಗೆರೆ ಉಳಿಯತ್ತಾ?"

ಚನ್ನಕೇಶವ ಅವರು ಆ ಹೆಂಗಸರ ಜೊತೆ ಹದಿಮೂರು ವರ್ಷದಿಂದ ಕೆಲಸ ಮಾಡುತ್ತಿದ್ದರು. ಆ ಹೆಂಗಸರು ಬಿಚ್ಚಿದ ನೂಲಿನ ಒಂದೊಂದು ಎಳೆಯನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಬಿಚ್ಚುವ ಕೈ ನೋಡಿರಲಿಲ್ಲ.

ನಾನು ರಿಜಿಸ್ಟರನ್ನು ಬಾಗಿಲ ಬೆಳಕಿಗೆ ತಂದೆ. ಎಲ್ಲಾ ಹೆಬ್ಬೆಟ್ಟೂ ಒಂದೇ ಅಳತೆ, ಸಣ್ಣವು. ಎಲ್ಲದರ ನಡುವೆಯೂ ಓರೆಯಾಗಿ ಒಂದು ಬಿಳಿ ಗೆರೆ. ಆ ಗೆರೆ ನನಗೆ ಗೊತ್ತಿತ್ತು. ತಸ್ಲೀಮ್ ಐದು ವರ್ಷದವಳಿದ್ದಾಗ ಈಳಿಗೆ ತಗುಲಿ ಆದ ಗಾಯ. ಹನ್ನೊಂದು ದಿನ ನಾನೇ ಬಟ್ಟೆ ಕಟ್ಟಿದ್ದೆ.

"ತಸ್ಲೀಮ್, ಇದು ಯಾರದು?"

"ನಂದು."

"ಎಷ್ಟು?"

"ಎಲ್ಲಾ."

ದಿನಾ ಶಾಲೆ ಬಿಟ್ಟ ಮೇಲೆ ಅವಳು ಆಫೀಸಿಗೆ ಬಂದು ನನ್ನ ಮೇಜಿನ ಪಕ್ಕ ಕೂತಿರುತ್ತಾಳೆ. ಗುರುವಾರವೂ ಕೂತಿದ್ದಳು, ನಾನು ಇರಲಿಲ್ಲ.

"ಮ್ಯಾನೇಜರ್ ಮಾಮ ಮೊದಲು ಅವರದೇ ಒತ್ತಿ ನೋಡಿದ್ರು ಅಮ್ಮಿ. ತುಂಬಾ ದೊಡ್ಡದಾಯ್ತು. ಗಂಡಸಿನದು ಅಂತ ಗೊತ್ತಾಗ್ಬಿಡತ್ತೆ ಅಂತ ಆ ಹಾಳೆ ಹರಿದ್ರು. ಆಮೇಲೆ ನೀನು ಒತ್ತಮ್ಮ, ಆಟ ಅಂದ್ರು. ಬಿಸ್ಕೆಟ್ ಕೊಟ್ರು."

ಆ ಬಿಸ್ಕೆಟ್ ಪೊಟ್ಟಣ ನನಗೆ ನೆನಪಿತ್ತು. ಗುರುವಾರ ಸಂಜೆ ಚಹಾದ ಜೊತೆ ಅದರಲ್ಲಿ ಎರಡು ನಾನು ತಿಂದಿದ್ದೆ. ಅತ್ತೆ ನಾಲ್ಕು ತಿಂದರು ಎಂದು ಗಟ್ಟಿಯಾಗಿಯೇ ಅಂದುಬಿಟ್ಟೆ.

"ಮೂರು," ಎಂದರು ಅತ್ತೆ.

ತಸ್ಲೀಮ್ "ಅಮ್ಮಿ, ಅದರಲ್ಲಿ ಬರೆದಿದೆಯಲ್ಲ..." ಎಂದು ಶುರು ಮಾಡಿ ನನ್ನ ಮುಖ ನೋಡಿ ನಿಲ್ಲಿಸಿದಳು. ಬೈಯಲ್ಲ, ಹೇಳಮ್ಮ ಅಂದೆ. ಏನಿಲ್ಲ ಅಂದಳು. ಅವಳ ಎರಡನೇ ಜಡೆ ಹಾಕಿದೆ. ಸ್ವಲ್ಪ ಬಿಗಿಯಾಯಿತು. ಶನಿವಾರದ ಬೆಳಗಿನ ಶಾಲೆಗೆ ಹೊತ್ತು ಮೀರಿತ್ತು. ಅವಳ ಕೈ ಹಿಡಿದು ಫಿಲೇಚರಿಗೆ ಹೊರಟೆ.

ಚನ್ನಕೇಶವ ಅವರು ಗೇಟಿನಲ್ಲಿ ಹಾರ ಹಿಡಿದು ನಿಂತಿದ್ದರು. ನಾನು ವಿಷಯ ಹೇಳಿದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. ಹಾರ ಕೆಳಗಿಡಲು ಜಾಗ ಸಿಗದೆ ಹಿಡಿದುಕೊಂಡೇ ಮಾತಾಡಿದರು.

"ಮೆಲ್ಲಗೆ ಹೇಳಮ್ಮ. ನೋಡು, ಮಗು ಯಾರದು? ನಿಂದು. ರಿಜಿಸ್ಟರ್ ಯಾರದು? ಕ್ಷೇಮಾಧಿಕಾರೀದು. ಬೋರ್ಡಲ್ಲಿ ಯಾರ ಹೆಸರಿದೆ? ನೀನು ಬಾಯಿ ಬಿಟ್ರೆ ಜನ ಯಾರು ಮಾಡಿಸಿದ್ದು ಅಂತಾರೆ ಯೋಚನೆ ಮಾಡು. ಬಾಯಿ ಬಿಡದಿದ್ರೆ ಸೋಮವಾರದಿಂದ ನೀನು ಕಾಯಂ. ನನಗೇನೂ ಇಲ್ಲಮ್ಮ, ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

ಅವರು ಹೇಳಿದ್ದೆಲ್ಲ ನಿಜ. ತಸ್ಲೀಮ್ ನಮ್ಮಿಬ್ಬರನ್ನೂ ನೋಡುತ್ತಿದ್ದಳು.

ಹನ್ನೊಂದಕ್ಕೆ ಮೇಡಂ ಬಂದರು. ರಫ್ತು ಕಂಪನಿಯವರು ಕಳಿಸಿದ್ದ ಕಾಗದದಲ್ಲಿ ವಿ. ರತ್ನಾ ಎಂದಿತ್ತು, ಬಂದವರು ತಮ್ಮ ಹೆಸರು ವೆಂಕಟರತ್ನಮ್ಮ ಎಂದು ಹೇಳಿಕೊಂಡರು. ಅಂಬಾಜಿದುರ್ಗದ ಕೆಳಗಿನ ಒಂದು ಹಳ್ಳಿಯವರಂತೆ. ಬೆಂಗಳೂರಿನ ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಗುಂಡಿ ಹೊಲಿಯಲು ಸೇರಿ, ಅಂಚೆ ಮೂಲಕ ಬಿ.ಎ. ಮಾಡಿ, ಈಗ ಹನ್ನೊಂದು ಫ್ಯಾಕ್ಟರಿಗಳಲ್ಲಿ ನಿಯಮ ನಡೆಯುತ್ತಿದೆಯೇ ಎಂದು ನೋಡುವ ಕೆಲಸದಲ್ಲಿದ್ದರು. ಮೊದಲ ಸಲ ಹೋದಲ್ಲೆಲ್ಲ ತಮ್ಮ ಜೊತೆ ಬಂದ ಡ್ರೈವರ್‌ಗೇ ಎಲ್ಲರೂ ನಮಸ್ಕಾರ ಮಾಡುತ್ತಾರೆ ಎಂದರು. ಅಷ್ಟು ಹೊತ್ತಿಗೆ ನಮ್ಮ ಸಾಹುಕಾರರೂ ಮಾಡಿಯಾಗಿತ್ತು.

ಚನ್ನಕೇಶವ ಅವರು ಹಾರ ಎತ್ತಿದರು.

"ಬೇಡಿ. ಹಾಕ್ಕೊಂಡ್ರೆ ರಿಪೋರ್ಟಲ್ಲಿ ಬರೀಬೇಕಾಗತ್ತೆ."

ಆ ಹಾರವನ್ನು ಸಾಹುಕಾರರ ತಂದೆಯ ಫೋಟೋಗೆ ಹಾಕಿದರು. ಅದಕ್ಕೆ ಬೆಳಿಗ್ಗೆ ತಾನೇ ಒಂದು ಹಾಕಿತ್ತು.

ಮೇಡಂ ನೀರು ಮಾತ್ರ ಕುಡಿದು ಕೆಲಸ ಶುರು ಮಾಡಿದರು. ಬೆಂಕಿ ಆರಿಸುವ ಮರಳಿನ ಬಕೆಟ್ ನೋಡಿದರು, ಕಕ್ಕಸಿನ ಚಿಲಕ ನೋಡಿದರು. ಕೊನೆಗೆ ನನ್ನ ರಿಜಿಸ್ಟರ್ ಬಂತು. ಹಾಳೆ ತಿರುವುತ್ತಾ, "ತುಂಬಾ ನೀಟಾಗಿದೆ," ಎಂದರು. "ಕೆಳಗೆ ಸೈನ್ ಒಂದು ಆಗ್ಬೇಕು, ಅಷ್ಟೆ. ಎಲ್ಲರನ್ನೂ ನೀವೇ ಕೇಳಿದ್ರಲ್ವಾ?"

ಪೆನ್ನು ನನ್ನ ಕೈಯಲ್ಲೇ ಇತ್ತು. ಸಾಹುಕಾರರು ನಗುತ್ತಿದ್ದರು. ತಸ್ಲೀಮ್ ನನ್ನ ಸೆರಗು ಹಿಡಿದು ನಿಂತಿದ್ದಳು. ಮನೆಯಲ್ಲಿ ನಾನು ಕೇಳಿದಾಗ ಅವಳು ಒಂದು ಕ್ಷಣವೂ ತಡೆಯದೆ 'ನಂದು' ಅಂದಿದ್ದಳು. ಎಂಟು ವರ್ಷದವಳು.

"ಇಲ್ಲ ಮೇಡಂ," ಎಂದೆ. "ಒಬ್ಬರನ್ನೂ ಕೇಳಿಲ್ಲ. ಇದು ಅವರ ಹೆಬ್ಬೆಟ್ಟಲ್ಲ. ನನ್ನ ಮಗಳದು."

ಎಲ್ಲರೂ ಒಟ್ಟಿಗೆ ಮಾತಾಡಿದರು. ಆಫೀಸಿನ ಗೋಡೆಯಾಚೆ ಬೇಸಿನ್ನುಗಳ ಸದ್ದು ಮೊದಲಿನ ಹಾಗೇ ಇತ್ತು.

"ಹಾಗೆಲ್ಲ ಏನಿಲ್ಲ ಮೇಡಂ," ಎಂದರು ಸಾಹುಕಾರರು. "ಯಾರನ್ನಾದ್ರೂ ಕರೆದು ಒತ್ತಿಸಿ ನೋಡಿ. ಅಕ್ಕಯಮ್ಮನ್ನ ಕರೀರಿ."

ಅಕ್ಕಯಮ್ಮ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತಾ ಬಂದರು. ಹತ್ತಿರ ಹತ್ತಿರ ಅರವತ್ತು ವಯಸ್ಸು. ಬೆರಳುಗಳು ಬೆಳ್ಳಗೆ ಊದಿಕೊಂಡಿದ್ದವು. ಮೇಡಂ ಅವರ ಹೆಬ್ಬೆರಳನ್ನು ಇಂಕ್ ಪ್ಯಾಡಿಗೆ ಒತ್ತಿಸಿ ಬಿಳಿ ಹಾಳೆಯ ಮೇಲೆ ಒತ್ತಿಸಿದರು. ಒಂದು ನೇರಳೆ ಮಚ್ಚೆ ಬಂತು.

"ಸರಿಯಾಗಿ ಒತ್ತಮ್ಮ," ಎಂದರು ಸಾಹುಕಾರರು.

ಎರಡನೇ ಮಚ್ಚೆ ಬಂತು. ಮೂರನೆಯದು. ಐದನೆಯ ಸಲ ಸಾಹುಕಾರರು ತಾವೇ ಬೆರಳು ಹಿಡಿದು ಒತ್ತಿದರು.

"ಸಾಮೀ, ಬಿಡಿ," ಎಂದರು ಅಕ್ಕಯಮ್ಮ. "ಗೆರೆ ಎಲ್ಲಾ ನಿಮ್ಮ ಬೇಸಿನ್ನಾಗೇ ಐತೆ. ಬೇಕಾದ್ರೆ ಸೋಸಿ ತಕ್ಕಳಿ."

ಮೇಡಂ ಐದು ಮಚ್ಚೆಗಳನ್ನೂ ಒಂದೊಂದಾಗಿ ನೋಡಿದರು. ಆಮೇಲೆ ತಮ್ಮ ಚೀಲದಿಂದ ಬೇರೊಂದು ಪುಸ್ತಕ ತೆಗೆದು, ಇಂಥವೇ ನೀಟಾದ ಹೆಬ್ಬೆಟ್ಟು ನೋಡಿ ತಾವು ಹಿಂದೆ ಒಪ್ಪಿ ಬಂದಿದ್ದ ಎರಡು ಫಿಲೇಚರುಗಳ ಹೆಸರಿನ ಪಕ್ಕದಲ್ಲಿ ಪ್ರಶ್ನೆಯ ಗುರುತು ಹಾಕಿದರು.

"ಮಗು ಈಕೆಯದೇ ಮೇಡಂ," ಎಂದರು ಚನ್ನಕೇಶವ.

"ಮಾಮ ಬಿಸ್ಕೆಟ್ ಕೊಟ್ಟು ಒತ್ತಿಸಿದ್ರು," ಎಂದಳು ತಸ್ಲೀಮ್.

"ಮಕ್ಕಳು ಹೇಳ್ತವೆ ಮೇಡಂ, ಮಕ್ಕಳ ಮಾತು."

ಮೇಡಂ ನನ್ನ ಕಡೆ ತಿರುಗಿದರು. "ಎರಡು ಮಾತನ್ನೂ ನಾನು ಬರೀಬೇಕಾಗತ್ತೆ. ನಿಮ್ಮ ಹೆಸರೂ ಬರುತ್ತೆ. ಮಗುವಿನದೂ."

"ಬರೀರಿ," ಎಂದೆ.

"ಹಾಗಾದ್ರೆ ಸೋಮವಾರದಿಂದ ಕೆಲಸಕ್ಕೆ ಬರೋದು ಬೇಡಮ್ಮ," ಎಂದರು ಸಾಹುಕಾರರು.

ಮೇಡಂ ಬರೆಯುತ್ತಲೇ ಇದ್ದರು. "ಸೋಮವಾರದಿಂದ... ಕೆಲಸಕ್ಕೆ... ಬರೋದು... ಬೇಡ. ಸರಿ ಇದೆಯಾ ಸಾರ್?"

"ಅದನ್ನ ಯಾಕೆ ಬರೀತೀರಿ?"

"ನೀವು ಹೇಳಿದ್ರಲ್ಲ. ನಿಜ ಹೇಳಿದವರನ್ನ ಕೆಲಸದಿಂದ ತೆಗೀಬಾರದು ಅಂತ ಹದಿನಾಲ್ಕನೇ ನಿಯಮ. ಅದಕ್ಕೂ ನೀವು ಸೈನ್ ಹಾಕಿದ್ದೀರ."

ಸಾಹುಕಾರರು ಇಪ್ಪತ್ತೆರಡು ನಿಯಮಗಳ ಕಾಗದ ತರಿಸಿ ಕನ್ನಡಕ ಹಾಕಿಕೊಂಡು ಹದಿನಾಲ್ಕನೆಯದನ್ನು ಓದಿದರು. ಅದನ್ನು ಅವರು ಓದಿದ್ದು ಅದೇ ಮೊದಲು. ಕನ್ನಡಕ ತೆಗೆದು, "ಹೊಡೆದು ಹಾಕಿ," ಎಂದರು. ಮೇಡಂ ಹೊಡೆದು ಹಾಕದೆ, ಅದರ ಕೆಳಗೆ 'ಹೊಡೆದು ಹಾಕಿ ಎಂದರು' ಎಂದು ಬರೆದರು.

"ಸರಿ ಹಾಗಾದ್ರೆ, ಬರಲಿ ಬಿಡಿ," ಎಂದು ಸಾಹುಕಾರರು ಎದ್ದರು. ಅದನ್ನೂ ಬರೆದು ಮೇಡಂ ಪೆನ್ನಿಗೆ ಕ್ಯಾಪ್ ಹಾಕಿದರು. ನನ್ನ ಕೆಲಸ ಉಳಿಯಿತು ಎನ್ನುವುದೊಂದೇ ಆಗ ನನ್ನ ತಲೆಯಲ್ಲಿ ಇದ್ದದ್ದು. ಚನ್ನಕೇಶವ ಅವರು ಎಳನೀರು ಕೆತ್ತಲು ಹೊರಗೆ ಹೋದರು.

"ಇನ್ನು ಹೋಗಮ್ಮ ಅಕ್ಕಯಮ್ಮ, ನೀರು ಆರಿ ಹೋಗತ್ತೆ," ಎಂದು ಸಾಹುಕಾರರು ಕೈಬೀಸಿದರು.

ಅಕ್ಕಯಮ್ಮ ಇಂಕನ್ನು ಸೆರಗಿಗೆ ಒರೆಸಿಕೊಂಡು ಬಾಗಿಲ ಕಡೆ ತಿರುಗಿದರು. ತಸ್ಲೀಮ್ ನನ್ನ ಸೆರಗು ಬಿಟ್ಟಳು. ನಾಲ್ಕು ಹೆಜ್ಜೆ ಓಡಿ ಆ ಊದಿದ ಬೆರಳುಗಳನ್ನು ಹಿಡಿದು ನಿಲ್ಲಿಸಿದಳು. ಮುಖ ಮೇಲೆತ್ತಿ, ಶಾಲೆಯಲ್ಲಿ ಪಾಠ ಓದುವವಳ ಹಾಗೆ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಕೇಳಿದಳು:

"ಅಜ್ಜಿ, ನಿಮಗೆ ಏನಾದರೂ ದೂರು ಇದೆಯಾ?"