ಹೊಸ ಒಲೆಗೆ ಕೆಂಡ

"ಕೆಂಡ ಕೊಡಬೇ ಅವ್ವಾ. ಮೂರು ಕಲ್ಲು ಹೂಡಿ ಬಂದೀನಿ," ಎಂದು ಮೋನಮ್ಮ ಒಡೆದ ಮಡಕೆಯ ಬೋಕಿಯನ್ನು ಮುಂದೆ ಹಿಡಿದಳು.

ಶಂಕ್ರಮ್ಮ ತಲೆ ಎತ್ತಲಿಲ್ಲ. ಯಾದಗಿರಿ ಸ್ಟೇಷನ್ನಿನ ಎದುರಿಗೆ ಅವಳದೊಂದು ರೊಟ್ಟಿ ಖಾನಾವಳಿ. ಪ್ಲೇಗಿನಲ್ಲಿ ಮನೆಮಂದಿಯನ್ನೆಲ್ಲ ಕಳೆದುಕೊಂಡು ಹುಣಸೆ ಮರದಡಿ ಮಲಗುತ್ತಿದ್ದ ಈ ಹುಡುಗಿಯನ್ನು ಕರೆತಂದು ಹಿಟ್ಟು ನಾದಲು ಕೂರಿಸಿದವಳು ಅವಳೇ. "ನಿನ್ನ ರೊಟ್ಟಿ ಉಬ್ಬಿದ ದಿನ ನಿನ್ನ ಒಲಿ ನೀ ಹೂಡ್ಕೋ, ಕೆಂಡ ನಾ ಕೊಡ್ತೀನಿ," ಎಂದು ನಾಲ್ಕು ಜನ ಕೇಳುವಂತೆ ಮಾತು ಕೊಟ್ಟವಳೂ ಅವಳೇ. ಪುಣ್ಯ ಮಾಡುವವರ ದನಿ ಯಾವಾಗಲೂ ಸ್ವಲ್ಪ ದೊಡ್ಡದು. ಮೋನಮ್ಮನಿಗೀಗ ಹದಿನಾರು. ಅವಳ ರೊಟ್ಟಿ ಉಬ್ಬತೊಡಗಿ ವರ್ಷವಾಗಿತ್ತು.

ಹೊಸ ಒಲೆ ಹೂಡುವವರಿಗೆ ಸಾಕಿದವರ ಒಲೆಯಿಂದಲೇ ಬೆಂಕಿ ಬರಬೇಕು ಎಂಬುದು ಅಲ್ಲಿನ ರೂಢಿ. ಕಡ್ಡಿ ಗೀರಿ ಹೊತ್ತಿಸಿದ ಒಲೆಯ ರೊಟ್ಟಿಯನ್ನು ಅಲ್ಲಿ ಯಾರೂ ಮುಟ್ಟುತ್ತಿರಲಿಲ್ಲ. ಶಂಕ್ರಮ್ಮನೋ ಇವತ್ತು ಮಂಗಳವಾರ, ನಾಳೆ ಅಮಾಸಿ ಎಂದು ಸಾಗಹಾಕುತ್ತಲೇ ಇದ್ದಳು.

"ಕೊಟ್ಟುಬಿಡು ಶಂಕ್ರವ್ವ," ಎಂದ ಉಣ್ಣುತ್ತ ಕುಳಿತ ವಹಾಬ. ನಿಜಾಮ ಸರ್ಕಾರದ ಬಿಲ್ಲೆ ಹಾಕಿದ ಕಚೇರಿ ಜವಾನ. "ಖರೇ ಹೇಳ್ತೀನಿ, ಈ ಪೋರಿ ರೊಟ್ಟಿ ನಿಂದಕಿಂತ ಛಲೋ ಅವ. ನಾಳಿಂದ ನಾವೆಲ್ಲ ಅಲ್ಲೇ."

ಪಕ್ಕದಲ್ಲಿ ಉಣ್ಣುತ್ತಿದ್ದ ಸ್ಟೇಷನ್ ಹಮಾಲರು ನಕ್ಕರು. ಆ ನಗುವೇ ಹುಡುಗಿಗೆ ಮುಳುವಾಯಿತು.

"ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ!" ಶಂಕ್ರಮ್ಮ ಚಿಮಟದಲ್ಲಿ ನಿಗಿನಿಗಿ ಕೆಂಡ ಹಿಡಿದು ಎದ್ದಳು. ಬೋಕಿಯನ್ನು ಕಸಿದು ಎಸೆದಳು. "ಇದ್ಯಾಕ? ರೊಟ್ಟಿ ಬಡಿಯೋ ಕೈ ಬೆಂಕಿಗಿ ಅಂಜತದೇನು? ಬಲಗೈ ಒಡ್ಡು. ಕೆಳಗ ಬಿತ್ತಂದ್ರ ಒಲಿ ಇಲ್ಲ, ನೋಡು."

"ಏ, ಬ್ಯಾಡಬೇ," ಎಂದ ವಹಾಬ. ಏಳಲಿಲ್ಲ. ತಾಟಿನಲ್ಲಿ ಇನ್ನೂ ಪುಂಡಿಪಲ್ಯ ಇತ್ತು.

ಮೋನಮ್ಮ ಬಲಗೈ ಒಡ್ಡಿದಳು.

ರಸ್ತೆ ದಾಟಿ, ಹುಣಸೆ ಮರದಡಿ ಹೂಡಿದ್ದ ಕಲ್ಲುಗಳವರೆಗೆ ಕಿರುಚುತ್ತಲೇ ಓಡಿದಳು. ಕೆಂಡ ಬೀಳಿಸಲಿಲ್ಲ. ಒಲೆ ಹೊತ್ತಿತು. ಅಷ್ಟು ನೋವನ್ನು ಅವಳು ಎಂದೂ ಕಂಡಿರಲಿಲ್ಲ, ಅಷ್ಟು ಖುಷಿಯನ್ನೂ.

ಮರುದಿನ ಮಧ್ಯಾಹ್ನ ವಹಾಬ ಮಾತಿನಂತೆ ಹಮಾಲರನ್ನು ಕರೆದುಕೊಂಡು ಬಂದು ಅವಳ ಒಲೆಯ ಮುಂದೆ ಕುಳಿತ. ಮೋನಮ್ಮನ ಬಲ ಅಂಗೈ ಬೊಬ್ಬೆಯೆದ್ದು ಬಾತಿತ್ತು. ಎಡಗೈಯಲ್ಲಿ ಬಡಿದಳು, ರೊಟ್ಟಿ ಹರಿಯಿತು. ಇನ್ನೊಂದು ಬಡಿದಳು. ಅದೂ ಹರಿಯಿತು.

"ಜರಾ ತಡೀರಿ ಮಾಮಾ, ಈಗ ಆಗ್ತದ."

"ಕಚೇರಿಗಿ ಹೊತ್ತಾತವ್ವ," ಎಂದು ವಹಾಬ ಎದ್ದ. ಉಳಿದವರೂ ಎದ್ದರು.

"ಬರ್ರಿ ಬರ್ರಿ, ಬಿಸಿ ಅವ," ಎಂದು ಶಂಕ್ರಮ್ಮ ರಸ್ತೆಯಾಚೆಯಿಂದ ಕೂಗಿದಳು. ಅವಳು ರೊಟ್ಟಿ ಬಡಿಯುವ ಕೊಣಮಿಗೆಯಿಂದ ಪಟಪಟ ಸದ್ದು ಕೇಳುತ್ತಿತ್ತು. ವಹಾಬ ಹೋಗಿ ದಿನಾ ಕೂರುವ ಜಾಗದಲ್ಲೇ ಕುಳಿತ.

ಮೋನಮ್ಮ ಹರಿದ ಹಿಟ್ಟನ್ನು ಒತ್ತಿ ಮತ್ತೆ ಉಂಡೆ ಮಾಡಿದಳು. ಬರಿಯ ಹಂಚು ಕಾದು ಹೊಗೆಯಾಡುತ್ತಿತ್ತು.