ತೂಕ ಮತ್ತು ಅಳತೆ ಮಂತ್ರಿಗಳ ಮೌನ

ಕೃಷಿ ಮಂತ್ರಿಗಳೂ ಹೋದರು. ಆಸ್ಪತ್ರೆಯ ಮೂಲೆ ಕೋಣೆಯಲ್ಲಿ, ಮಂಪರಿನಲ್ಲಿ ಮಲಗಿದ್ದ ಗಂಡನ ಪಕ್ಕ ಕುರ್ಚಿ ಎಳೆದುಕೊಂಡು ಕೂತಿದ್ದ ಅವಳು, ಅವನ ಫೋನಿನಲ್ಲಿ ಆ ರಾಜೀನಾಮೆ ಪತ್ರದ ಫೋಟೋವನ್ನು ಎರಡು ಬೆರಳಿನಿಂದ ಹಿಗ್ಗಿಸಿ ಓದಿದಳು. ‘ಅತ್ಯಂತ ಭಾರವಾದ ಹೃದಯದಿಂದ’ ಎಂದು ಶುರುವಾಗಿತ್ತು. ಬೆಳಗಿನಿಂದ ಹೋದವರೆಲ್ಲರ ಹೃದಯವೂ ಭಾರವೇ. ಇಷ್ಟನ್ನೂ ಒಟ್ಟಿಗೆ ತೂಗಿದರೆ ತಕ್ಕಡಿ ಮುರಿದು ಬಿದ್ದೀತು ಎಂದುಕೊಂಡಳು. ತೂಕ ಮತ್ತು ಅಳತೆ ಮಂತ್ರಿಯ ಹೆಂಡತಿಗೆ ಬರಬೇಕಾದ ಯೋಚನೆಯೇ.

ಕಿಟಕಿಗೆ ಹಸಿರು ಪರದೆ. ಮಧ್ಯಾಹ್ನದ ಬಿಸಿಲು ಅದರಲ್ಲಿ ಸೋಸಿ ಬಂದು, ಇಡೀ ಕೋಣೆ ಕೆರೆಯ ತಳದಲ್ಲಿದ್ದಂತೆ ಕಾಣುತ್ತಿತ್ತು. ಸ್ಟೀಲಿನ ಕಪಾಟು, ತಲೆಕೆಳಗಾಗಿ ತೂಗುವ ಗ್ಲೂಕೋಸ್ ಬಾಟಲಿ, ಗಂಡನ ಅಗಲ ಹಣೆ ಎಲ್ಲಕ್ಕೂ ಅದೇ ತಿಳಿಹಸಿರು. ಫೋನಿನ ಸದ್ದು ತೆಗೆದುಬಿಟ್ಟಿದ್ದಳು. ಮಂತ್ರಿಗಳು ಒಬ್ಬೊಬ್ಬರಾಗಿ ಸದ್ದಿಲ್ಲದೆ ಮೇಲೇಳುತ್ತಿದ್ದರು, ತಮ್ಮ ಭಾರವಾದ ಹೃದಯವನ್ನು ಲೋಕಕ್ಕೆ ತೋರಿಸುತ್ತಿದ್ದರು, ಮುಂದಿನವರು ಬರುತ್ತಲೇ ಕೆಳಗೆ ಜಾರಿಹೋಗುತ್ತಿದ್ದರು. ನಡುನಡುವೆ ಅವಳಿಗೆ ಜೊಂಪು ಹತ್ತುತ್ತಿತ್ತು. ಯಾರು ನಿಜವಾಗಿ ಹೋದರು, ಯಾರು ತನ್ನ ಜೊಂಪಿನಲ್ಲಿ ಹೋದರು ಎನ್ನುವುದನ್ನು ಮತ್ತೆ ನೋಡಿ ಖಾತರಿ ಮಾಡಿಕೊಳ್ಳಬೇಕಾಗುತ್ತಿತ್ತು. ಅರಣ್ಯ ಮಂತ್ರಿಗಳು ಮೊದಲು ಜೊಂಪಿನಲ್ಲಿ ಮಾತ್ರ ಹೋದರು. ಸ್ವಲ್ಪ ಹೊತ್ತಿನ ಮೇಲೆ ನಿಜವಾಗಿಯೂ ಹೋದರು.

ಗಂಡನಿಗೆ ಆಗಿದ್ದದ್ದು ಹರ್ನಿಯಾ. ಹೊಸ ತಪಾಸಣಾ ಕೇಂದ್ರದ ಉದ್ಘಾಟನೆಯ ದಿನ ಫೋಟೋದವರ ಮುಂದೆ ಕಬ್ಬಿಣದ ದೊಡ್ಡ ತೂಕದ ಕಲ್ಲನ್ನು ತಲೆಯ ಮೇಲೆತ್ತಿ ನಗಲು ಹೋಗಿ ಮಾಡಿಕೊಂಡದ್ದು. ಎತ್ತಿದ್ದಂತೂ ಹೌದು, ನಕ್ಕದ್ದೂ ಹೌದು, ಇಳಿಸುವಾಗ ಕಣ್ಣಲ್ಲಿ ನೀರು ಬಂದಿತ್ತು. ಆಪರೇಷನ್ ಬೇಕೇ ಬೇಕು ಎಂದರು ಡಾಕ್ಟರು. ಆದರೆ ಮಂತ್ರಿ ಆಸ್ಪತ್ರೆ ಸೇರಿದ ಅಂತ ಗೊತ್ತಾದರೆ ಪಕ್ಷದಲ್ಲಿ ಹೂಗುಚ್ಛ ಬರುವ ಮೊದಲು ಅವನ ಕುರ್ಚಿಗೆ ಟವೆಲು ಹಾಸುವವರು ಬರುತ್ತಾರೆ. ಹಾಗಾಗಿ ಆಪ್ತ ಕಾರ್ಯದರ್ಶಿಯೊಬ್ಬನನ್ನು ಬಿಟ್ಟು ಇನ್ನಾರಿಗೂ ಸುಳಿವು ಕೊಡದೆ, ಸಾಹೇಬರು ಎರಡು ದಿನ ಓದಿಕೊಂಡು ಏಕಾಂತದಲ್ಲಿರುತ್ತಾರೆ ಎಂದು ಸುದ್ದಿ ಹಬ್ಬಿಸಿ, ಹಿಂಬಾಗಿಲಿನಿಂದ ಬಂದು ಸೇರಿದ್ದರು. ಗುಟ್ಟೇನೋ ಗುಟ್ಟಾಗಿಯೇ ಉಳಿಯಿತು. ಆದರೆ ಅವನಿಗೆ ಮತ್ತಿನ ಮದ್ದು ಕೊಟ್ಟ ಹೊತ್ತಿಗೇ ಪಕ್ಷದಲ್ಲಿ ಬೆಂಕಿ ಹತ್ತಿಕೊಂಡಿತು. ಸರ್ಕಾರ ನಡೆಸುವ ನಾಯಕರು ಕುರ್ಚಿಯಿಂದ ಇಳಿಯಬೇಕು ಎಂದು ಹಣಕಾಸು ಮಂತ್ರಿಗಳು ಮೊದಲ ರಾಜೀನಾಮೆ ಎಸೆದರು. ಆಮೇಲೆ ಸಾಲು ನಿಂತೇ ಇರಲಿಲ್ಲ.

ಜಾಲತಾಣದಲ್ಲಿ ಗಂಡನ ಹೆಸರಿನಲ್ಲಿ ಬರುವುದನ್ನೆಲ್ಲ ಬರೆಯುವವಳು ಅವಳೇ ಎನ್ನುವುದೂ ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಶುರುವಿನಲ್ಲಿ ಅವನು ಹೇಳುತ್ತಿದ್ದ, ಅವಳು ಟೈಪು ಮಾಡುತ್ತಿದ್ದಳು. ಬರಬರುತ್ತ ‘ನೀನೇ ಏನಾದ್ರೂ ಹಾಕು ಇವಳೇ’ ಎನ್ನತೊಡಗಿದ. ಕೊನೆಗೆ ಅದನ್ನು ಹೇಳುವುದನ್ನೂ ಬಿಟ್ಟ. ತರಕಾರಿ ಮಾರುಕಟ್ಟೆಯ ತಪಾಸಣೆಗೆ ಹೋಗಿ ತೂಕದ ಯಂತ್ರದ ಮೇಲೆ ತಾನೇ ಹತ್ತಿ ನಿಂತ ಫೋಟೋಕ್ಕೆ ಅವಳು ‘ಯಂತ್ರ ಸರಿಯಾಗಿದೆ, ತಪ್ಪು ನನ್ನದೇ’ ಎಂದು ಹಾಕಿದ್ದಳು. ದೇಶವೇ ನಕ್ಕಿತ್ತು. ಮಾರನೆಯ ದಿನ ಅವನು ಅದನ್ನು ಓದಿ, ‘ಅರೆ, ನಾನು ಇದನ್ನೇ ಅಂದುಕೊಂಡಿದ್ದೆ’ ಎಂದು ತೊಡೆ ತಟ್ಟಿಕೊಂಡಿದ್ದ. ಯಾವತ್ತೂ ಹಾಗೆಯೇ. ಒಂದೇ ಒಂದು ಸಲವೂ ‘ಇದು ನನ್ನ ಮಾತಲ್ಲ’ ಎಂದವನಲ್ಲ. ಅವನ ಮನಸ್ಸು ತನ್ನ ಅಂಗೈಯಲ್ಲಿದೆ ಎಂದು ಅವಳಿಗೆ ಹೆಮ್ಮೆಯಿತ್ತು. ಇದ್ದರೆ ತಪ್ಪೇನು?

ಈವತ್ತು ಮಾತ್ರ ಏನೂ ಹಾಕಿರಲಿಲ್ಲ. ಹಾಕದೇ ಇದ್ದದ್ದೇ ದೊಡ್ಡ ಸುದ್ದಿಯಾಯಿತು. ತೆರೆದ ಬಾಗಿಲಿನಾಚೆ ಕಾರಿಡಾರಿನ ಟೀವಿಯಲ್ಲಿ ಗಂಡನ ಮುಖದ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಬಂತು. ಎಲ್ಲರೂ ಬಾಯಿ ಬಡಿದುಕೊಳ್ಳುವಾಗ ಒಬ್ಬರು ಮಾತ್ರ ಯೋಚಿಸುತ್ತಿದ್ದಾರೆ ಎಂದು ಒಬ್ಬ ಪಂಡಿತರು ಕೊಂಡಾಡಿದರು. ಈ ಮೌನದ ಹಿಂದೆ ಆಳವಾದ ಲೆಕ್ಕಾಚಾರವಿದೆ ಎಂದು ಇನ್ನೊಬ್ಬರು ತಲೆದೂಗಿದರು. ಮೌನಿಗಳು ಇತ್ತ ಬಾಯಿ ತೆರೆದುಕೊಂಡು ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು. ನರ್ಸು ಟೀವಿಯನ್ನೂ ನೋಡಿದಳು, ಮಂಚವನ್ನೂ ನೋಡಿದಳು, ಏನೂ ಗೊತ್ತಿಲ್ಲದವಳಂತೆ ಜ್ವರ ನೋಡಿ ಹೋದಳು. ಸಂಜೆಯವರೆಗೆ ಹೀಗೇ ಇರುತ್ತಾರೆ, ಏನೇನೋ ಮಾತಾಡುತ್ತಾರೆ, ಅದನ್ನೆಲ್ಲ ಲೆಕ್ಕಕ್ಕೆ ತಗೋಬೇಡಿ ಎಂದು ಬಾಗಿಲಲ್ಲಿ ನಿಂತು ಹೇಳಿದಳು.

ಆಪ್ತ ಕಾರ್ಯದರ್ಶಿಯ ಫೋನು ಮೇಲಿಂದ ಮೇಲೆ ಬರುತ್ತಿತ್ತು. ಸಾಹೇಬರಿಗೆ ಎಚ್ಚರ ಆಯಿತಾ ಎಂದು ಕೇಳುವ, ಇಲ್ಲ ಎಂದರೆ ಉಸಿರು ಬಿಡುವ. ಪಕ್ಷದ ಮುಕ್ಕಾಲು ಪಾಲು ಹಣಕಾಸು ಮಂತ್ರಿಗಳ ಕಡೆ ಹೋಗಿದೆ, ನಾಳೆ ಹೊಸಬರು ಬಂದ ಮೇಲೆ ಯಾರು ಹೋಗಿದ್ದರು, ಯಾರು ಅಂಟಿಕೊಂಡಿದ್ದರು ಅಂತ ನೋಡುತ್ತಾರೆ, ಸಾಹೇಬರಿಗೆ ಮುಂದಿನ ಚುನಾವಣೆಗೆ ಟಿಕೆಟ್ಟು ಕೂಡ ಸಿಗಲಿಕ್ಕಿಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿದ. ನಾಯಕರು ಸಂಜೆ ಪತ್ರಕರ್ತರ ಮುಂದೆ ಬರುತ್ತಾರಂತೆ. ಏನು ಮಾಡುವುದಿದ್ದರೂ ಅದಕ್ಕೆ ಮೊದಲೇ ಮಾಡಬೇಕು.

“ಅವರು ಇಳಿದ ಮೇಲೆ ಕೊಟ್ಟರೆ ಅದು ರಾಜೀನಾಮೆ ಅಲ್ಲ ಮೇಡಂ, ಕಸ. ನೀವು ಬರೆದು ಕಳ್ಸಿ ಸಾಕು. ಲೆಟರ್‌ಹೆಡ್ಡು, ಸಹಿ ಎಲ್ಲಾ ನನ್ನ ಹತ್ರ ಇದೆ.”

ಅವರನ್ನು ಕೇಳದೆ ಹೇಗೆ ಎಂದಳು. ಯಾವತ್ತು ಕೇಳಿದ್ದೀರಿ ಮೇಡಂ ಎಂದ ಅವನು. ಕುಹಕವೇನೂ ಇರಲಿಲ್ಲ, ಇದ್ದದ್ದನ್ನೇ ಹೇಳಿದ್ದ.

ಫೋನಿಟ್ಟು ಗಂಡನನ್ನು ಮೆಲ್ಲಗೆ ಅಲುಗಿಸಿದಳು. ರೀ, ರೀ ಎಂದಳು. ಅವನು ಕಣ್ಣು ಅರ್ಧ ತೆರೆದು ಅವಳ ಭುಜದಾಚೆ ಎಲ್ಲೋ ನೋಡಿದ. “ಅಂಟಿನ ಬಕೆಟ್ಟು ಹುಷಾರು,” ಎಂದ. “ನೀನು ತುಳಿ, ನಾನು ಹಿಡ್ಕೊಂಡಿದ್ದೀನಿ.” ಮತ್ತೆ ಕಣ್ಣು ಮುಚ್ಚಿಹೋಯಿತು. ಅವಳಿಗೆ ಗೊತ್ತಾಯಿತು. ನಾಯಕರೂ ಅವನೂ ಹುಡುಗರಾಗಿದ್ದಾಗ ಒಂದೇ ಸೈಕಲ್ಲಿನಲ್ಲಿ ಊರೆಲ್ಲ ಸುತ್ತಿ ಪಕ್ಷದ ಪೋಸ್ಟರು ಅಂಟಿಸಿದವರು. ಒಬ್ಬರು ತುಳಿಯುವುದು, ಇನ್ನೊಬ್ಬ ಹಿಂದೆ ಬಕೆಟ್ಟು ಹಿಡಿದು ಕೂರುವುದು. ತುಳಿದವರು ನಾಯಕರಾದರು. ಬಕೆಟ್ಟು ಹಿಡಿದವನು ಕಾದ, ಕಾದ, ಕೂದಲು ಹಣ್ಣಾದ ಮೇಲೆ ಯಾರಿಗೂ ಬೇಡವಾಗಿ ಉಳಿದಿದ್ದ ಖಾತೆಯ ಮಂತ್ರಿಯಾದ. ಅವಳಿಗೆ ಆ ಕಾಯುವಿಕೆಯ ಒಂದೊಂದು ದಿನವೂ ನೆನಪಿತ್ತು. ಪ್ರತಿ ಸಲ ಸಂಪುಟ ಬದಲಾದಾಗಲೂ ಇಸ್ತ್ರಿಯಾದ ಬಟ್ಟೆ ಹಾಕಿಕೊಂಡು ಫೋನಿನ ಪಕ್ಕ ಕೂರುತ್ತಿದ್ದ ಅವನನ್ನು ಅವಳು ನೋಡಿದ್ದಳು. ಫೋನು ಬಾರದಿದ್ದಾಗ ಅದೇ ಬಟ್ಟೆಯಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದುದನ್ನೂ ನೋಡಿದ್ದಳು.

ಬೆಳಕು ಹಸಿರಿನಿಂದ ಹಳದಿಗೆ ತಿರುಗುವ ಹೊತ್ತಿಗೆ ಫೋನು ಮತ್ತೆ ಮಿನುಗಿತು. ಈ ಸಲ ನಾಯಕರೇ.

ಎತ್ತದೆ ಇರಬೇಕೆಂದುಕೊಂಡಳು, ಕೈ ಕೇಳಲಿಲ್ಲ. ಆ ಕಡೆ ದೊಡ್ಡ ಖಾಲಿ ಕೋಣೆಯ ಸದ್ದಿತ್ತು. ಅವನೆಲ್ಲಿ ಅತ್ತಿಗೆ ಎಂದರು. ಸ್ನಾನಕ್ಕೆ ಹೋಗಿದ್ದಾರೆ ಎಂದು ನಾಲಿಗೆಯ ಮೇಲೆ ಬಂದ ಸುಳ್ಳನ್ನು ಹೇಳಿದಳು. ಊಟ ಆಯಿತಾ ಎಂದು ಕೇಳಿದರು. ಆಯಿತು ಎಂದಳು.

“ಕರೀಬೇಡಿ, ಇರ್ಲಿ,” ಎಂದರು ನಾಯಕರು. “ಬೆಳಗ್ಗಿಂದ ಒಬ್ಬೊಬ್ಬರನ್ನೂ ಕರ್ದು, ಕೈ ಹಿಡ್ಕೊಂಡು ಕೇಳ್ಕೊಂಡೆ ಅತ್ತಿಗೆ. ಇವನೊಬ್ಬನನ್ನ ಕೇಳ್ಲಿಲ್ಲ. ಇವನೆಲ್ಲಿಗೆ ಹೋಗ್ತಾನೆ ಬಿಡಿ.”

ನಕ್ಕರು ಕೂಡ. ಫೋನು ಇಟ್ಟರು.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಇವನೆಲ್ಲಿಗೆ ಹೋಗ್ತಾನೆ! ನಿನ್ನೆ ಮೊನ್ನೆ ಬಂದವರ ಕೈ ಹಿಡಿದು ಗೋಗರೆಯಲು ಆಗುತ್ತದೆ, ಮೂವತ್ತು ವರ್ಷ ಬಕೆಟ್ಟು ಹಿಡಿದವನನ್ನು ಒಂದು ಮಾತು ಕೇಳಲು ಆಗುವುದಿಲ್ಲ. ಖಾತೆ ಕೊಡುವಾಗ ಕೇಳಲಿಲ್ಲ. ಕ್ಷೇತ್ರ ಬದಲಿಸುವಾಗ ಕೇಳಲಿಲ್ಲ. ಮನೆಯ ಮೂಲೆಯಲ್ಲಿಟ್ಟ ಛತ್ರಿಯೇ ಇವನು, ಬೇಕಾದಾಗ ತಗೊಳ್ಳಲು? ಗಂಡನ ಪರವಾಗಿ ಅವಳು ಇಷ್ಟು ವರ್ಷ ಹೊಟ್ಟೆಗೆ ಹಾಕಿಕೊಂಡಿದ್ದೆಲ್ಲ ಒಮ್ಮೆಗೇ ಗಂಟಲಿಗೆ ಬಂತು. ಅವನಿಗೂ ಹೀಗೇ ಅನ್ನಿಸಿರುತ್ತದೆ, ಹೇಳಿಕೊಳ್ಳುವ ಗುಣವಿಲ್ಲ ಅಷ್ಟೇ, ಅವನಿಗೆ ಹೇಳಿಕೊಳ್ಳಲು ಆಗದ್ದನ್ನೆಲ್ಲ ತಾನೇ ತಾನೆ ಬರೆಯುತ್ತ ಬಂದದ್ದು ಎಂದುಕೊಂಡಳು. ಬರೆಯತೊಡಗಿದಳು.

ಯಾವತ್ತೂ ಹೀಗೆ ಬರೆದಿರಲಿಲ್ಲ. ಭಾರವಾದ ಹೃದಯವನ್ನು ಹತ್ತಿರ ಸೇರಿಸಲಿಲ್ಲ. ನಾಲ್ಕೇ ಸಾಲು. ‘ನಾವಿಬ್ಬರೂ ಒಂದೇ ಸೈಕಲ್ಲಿನಲ್ಲಿ ಹೊರಟವರು. ಇಷ್ಟು ದೂರ ಎಲ್ಲಿಗೆ ಎಂದು ನೀವು ಹೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ದಾರಿ ನನಗೆ ಕಾಣುತ್ತಿಲ್ಲ. ಇಲ್ಲಿ ಇಳಿದುಕೊಳ್ಳುತ್ತೇನೆ.’ ಓದಿಕೊಂಡಳು. ಚೆನ್ನಾಗಿತ್ತು. ತುಂಬ ಚೆನ್ನಾಗಿತ್ತು ಎಂದು ಅವಳಿಗೇ ಗೊತ್ತಾಯಿತು. ಕಾರ್ಯದರ್ಶಿಗೆ ಕಳಿಸಿದಳು. ಲೆಟರ್‌ಹೆಡ್ಡಿನ ಮೇಲೆ, ಗಂಡನ ಕೊಕ್ಕೆ ಸಹಿಯ ಜೊತೆ, ಕಣ್ಣು ಮಿಟುಕಿಸುವುದರಲ್ಲಿ ಅದು ತಿರುಗಿ ಬಂತು. ಒಮ್ಮೆ ಗಂಡನ ಮುಖ ನೋಡಿದಳು. ಹಾಕಿಬಿಟ್ಟಳು.

ಆಮೇಲೆ ನಡೆದದ್ದೆಲ್ಲ ಯಾರದೋ ಕನಸಿನಂತೆ ಅವಳ ಕಣ್ಣೆದುರು ನಡೆಯಿತು. ಆ ನಾಲ್ಕು ಸಾಲು ಸಾವಿರ ಬಾಯಿ ಹಾಯ್ದು ಅವಳ ಹತ್ತಿರವೇ ಮರಳಿ ಬರತೊಡಗಿತು. ಯಾರೋ ಅಳುತ್ತಿದ್ದೇನೆ ಎಂದು ಬರೆದರು. ಯಾರೋ ಅಷ್ಟರಲ್ಲೇ ಸೈಕಲ್ಲಿನ ಚಿತ್ರ ಬಿಡಿಸಿ ಹಾಕಿದರು. ಕಾರಿಡಾರಿಗೆ ಹೋಗಿ ನಿಂತಳು. ಈಗ ಯಾರೋ ಸದ್ದು ತೆಗೆದಿಟ್ಟಿದ್ದ ಟೀವಿಯಲ್ಲಿ ನಾಯಕರು ಮೈಕಿನ ಮುಂದೆ ಬಂದಿದ್ದರು. ತುಟಿ ಆಡುತ್ತಿತ್ತು, ಒಂದು ಕಡೆ ನಿಂತಿತು, ಮತ್ತೆ ಆಡಿತು. ಕೆಳಗೆ ಓಡುವ ಅಕ್ಷರಗಳು ಅವರು ಇಳಿದರು ಎಂದವು. ಇಡೀ ದಿನ ಬಂದ ರಾಜೀನಾಮೆಗಳಿಗೆ ಬಗ್ಗದವರು ಕೊನೆಯ ಒಂದಕ್ಕೆ ಬಗ್ಗಿದರು ಎಂದವು. ಮೈಕು ಬಿಟ್ಟು ಒಳಗೆ ನಡೆದ ನಾಯಕರ ಬೆನ್ನು ಅವಳು ನೆನೆದಿದ್ದಕ್ಕಿಂತ ಚಿಕ್ಕದಾಗಿತ್ತು. ಗೆದ್ದೆ ಅನ್ನಿಸಬೇಕಾಗಿತ್ತು, ಅನ್ನಿಸಲಿಲ್ಲ.

ಕೋಣೆಗೆ ಬರುವಷ್ಟರಲ್ಲಿ ಅವಳದೇ ಫೋನಿಗೆ ಒಂದು ಸಂದೇಶ ಬಂದಿತ್ತು. ನಾಯಕರದು. ‘ಅವನು ಚೆನ್ನಾಗಿ ಬರೆದಿದ್ದಾನೆ ಅತ್ತಿಗೆ. ಎಂದಿನ ಹಾಗೇ.’ ಅವಳು ಅದನ್ನು ನಿಂತುಕೊಂಡೇ ಓದಿದಳು. ಗಂಡನ ಫೋನಿಗಲ್ಲ, ತನ್ನ ಫೋನಿಗೇ ಬಂದಿದೆ ಎನ್ನುವುದನ್ನು ಇನ್ನೊಮ್ಮೆ ನೋಡಿಕೊಂಡು ಕೂತಳು.

“ಇವಳೇ.”

ಗಂಡನ ಕಣ್ಣು ಪೂರ್ತಿ ತೆರೆದಿತ್ತು. ಈ ಸಲ ಅವಳನ್ನೇ ನೋಡುತ್ತಿದ್ದ. ಮುಗಿಯಿತಾ ಎಂದು ಕೇಳಿದ. ಮುಗಿಯಿತು, ಎಲ್ಲ ಸರಿಯಾಗಿದೆಯಂತೆ ಎಂದಳು. ಹೊರಗೆ ಏನು ಸಮಾಚಾರ ಎಂದ. ಅವಳು ಗ್ಲೂಕೋಸಿನ ಕೊಳವೆಯನ್ನು ಸರಿಯಾಗಿಯೇ ಇದ್ದರೂ ಸರಿ ಮಾಡಿದಳು. ಒಬ್ಬೊಬ್ಬರಾಗಿ ರಾಜೀನಾಮೆ ಕೊಡುತ್ತಿದ್ದಾರೆ, ನಾಯಕರು ಇಳಿಯಬೇಕಂತೆ ಎಂದಷ್ಟೇ ಹೇಳಿದಳು. ಅವನು ದಿಂಬಿನಿಂದ ತಲೆ ಸ್ವಲ್ಪ ಎತ್ತಿದ.

“ನನಗೆ ಫೋನ್ ಮಾಡಿದ್ನಾ?”

“ಮಾಡಿದ್ರು.”

“ಏನು ಕೇಳ್ದ?”

“ಏನೂ ಕೇಳ್ಲಿಲ್ಲ. ಇವನೆಲ್ಲಿಗೆ ಹೋಗ್ತಾನೆ ಬಿಡಿ ಅಂದ್ರು.”

ಅವನು ನಗಲು ಹೋದ, ಹೊಲಿಗೆ ಹಿಡಿದು ಮುಖ ಕಿವುಚಿದ. ಆದರೂ ನಗು ನಿಲ್ಲಲಿಲ್ಲ. ಕಣ್ಣಂಚಿನಲ್ಲಿ ನೀರು ಬಂತು. ಇಷ್ಟು ವರ್ಷದಲ್ಲಿ ಅವನ ಮುಖ ಅಷ್ಟು ತಿಳಿಯಾಗಿದ್ದದ್ದನ್ನು ಅವಳು ನೋಡಿರಲಿಲ್ಲ.

“ನೋಡಿದ್ಯಾ,” ಎಂದ. “ಎಲ್ಲರನ್ನೂ ಕೇಳ್ತಾನೆ, ನನ್ನನ್ನ ಮಾತ್ರ ಕೇಳಲ್ಲ. ಒಂದು ದಿನವಾದ್ರೂ ಕೇಳಿಲ್ಲ. ನನಗೆ ಅದಕ್ಕಿಂತ ದೊಡ್ಡ ಪದವಿ ಯಾವ್ದೂ ಬೇಕಾಗಿರ್ಲಿಲ್ಲ ಕಣೇ. ನನ್ನನ್ನ ಕೇಳದೆ ನಡ್ಕೊಳ್ಳೋರು ಇಬ್ರೇ. ನೀನೊಬ್ಬಳು, ಅವನೊಬ್ಬ.”

ಹೇಳಿಬಿಡಬೇಕು, ಈಗಲೇ ಹೇಳಿಬಿಡಬೇಕು ಎಂದು ಅವಳು ತುಟಿ ತೆರೆದಳು. ಅವನು ಕೈ ಎತ್ತಿದ. ಸೂಜಿ ಚುಚ್ಚಿದ್ದ ಕೈ, ಮೆಲ್ಲಗೆ.

“ಬರ್ಕೋ. ನಾನು ಅವನ ಜೊತೆ ಇದ್ದೀನಿ ಅಂತ ಹಾಕು. ಅಷ್ಟೇ. ನೀನು ಚೆಂದ ಮಾಡೋದಕ್ಕೆ ಹೋಗ್ಬೇಡ.”

ಎಷ್ಟೋ ವರ್ಷಗಳ ಮೇಲೆ ಅವನು ತಾನಾಗಿ ಹೇಳಿ ಬರೆಸುತ್ತಿದ್ದ. ಅವಳು ಅವನ ಫೋನನ್ನು ತೆಗೆದುಕೊಂಡಳು. ‘ನಾನು ಅವನ ಜೊತೆ ಇದ್ದೀನಿ’ ಎಂದು ಅವನು ಹೇಳಿದಂತೆಯೇ, ಒಂದಕ್ಷರ ಚೆಂದ ಮಾಡದೆ ಬರೆದಳು. ಆ ಸಾಲಿನ ಮೇಲೆ ರಾಜೀನಾಮೆಗೆ ಬರುತ್ತಿದ್ದ ಅಭಿನಂದನೆಗಳು ಒಂದರ ಹಿಂದೊಂದು ಬಂದು ಬೀಳುತ್ತಿದ್ದವು. ಒತ್ತಲು ಹೋದ ಬೆರಳು ಗಾಳಿಯಲ್ಲೇ ನಿಂತಿತು. ಫೋನಿನ ಪರದೆ ತಾನಾಗಿಯೇ ಮಂಕಾಗಿ, ಕಪ್ಪಾಯಿತು.

“ಹಾಕಿದ್ಯಾ?” ಎಂದ ಕಣ್ಣು ಮುಚ್ಚಿಕೊಂಡೇ.

“ಹ್ಞೂಂ,” ಎಂದಳು. “ಹಾಕಿದೆ.”

ಅವನು ನೆಮ್ಮದಿಯಿಂದ ಉಸಿರು ಬಿಟ್ಟ. ನರ್ಸು ಒಂದು ಲೋಟದಲ್ಲಿ ನೀರನ್ನೂ ಚಮಚವನ್ನೂ ತಂದಿಟ್ಟು, ಇನ್ನು ಸ್ವಲ್ಪ ಸ್ವಲ್ಪವೇ ಕೊಡಬಹುದು ಎಂದು ಹೇಳಿ, ದೀಪ ಹಾಕಲೇ ಎಂದು ಕೇಳಿದಳು. ಬೇಡ ಎಂದಳು ಅವಳು. ಅರೆಗತ್ತಲಲ್ಲಿ ಗಂಡನ ಕತ್ತಿನ ಕೆಳಗೆ ಕೈ ಕೊಟ್ಟು ಚಮಚವನ್ನು ಅವನ ತುಟಿಗೆ ಹಿಡಿದಳು. ಅವನು ಕಣ್ಣು ತೆರೆಯದೆ, ಏನೆಂದು ಕೇಳದೆ, ಕುಡಿದ. “ಇನ್ನೊಂದು,” ಎಂದ. ಅವಳು ಇನ್ನೊಂದು ಚಮಚ ತುಂಬಿದಳು. ಅವನ ಗದ್ದದ ಮೇಲೆ ಚೆಲ್ಲಿದ್ದನ್ನು ಅಂಗೈಯಿಂದ ಒರೆಸಿದಳು.