ಸುಂದ್ರವ್ವ ಮುಟ್ಟಿ ಒಗೆದ ಬಟ್ಟೆ

ದುರ್ಗಪ್ಪ ಮೂರನೆಯ ಯಂತ್ರವನ್ನು ಕಣಗಲಾದಿಂದ ಚಕ್ಕಡಿಯಲ್ಲಿ ಹೇರಿಕೊಂಡು ಬಂದ ದಿನ ಸುಂದ್ರವ್ವ ಒಲೆ ಹಚ್ಚಲಿಲ್ಲ. ಬಾಗಿಲಲ್ಲಿ ನಿಂತು, ಗಂಡನೂ ಚಕ್ಕಡಿಯವನೂ ಏದುಸಿರು ಬಿಡುತ್ತ ಆ ಕಟ್ಟಿಗೆಯ ತೊಟ್ಟಿಯನ್ನು ಕೆಳಗಿಳಿಸುವುದನ್ನು ನೋಡಿದಳು. ಮನೆಯಲ್ಲಿ ಮೊದಲೇ ಎರಡಿದ್ದವು. ಒಂದು ಪಡಸಾಲೆಯನ್ನು ನುಂಗಿತ್ತು, ಇನ್ನೊಂದು ಎಮ್ಮೆಯನ್ನು ಕೊಟ್ಟಿಗೆಯಿಂದ ಅಂಗಳಕ್ಕೆ ಅಟ್ಟಿತ್ತು.

“ಇದೂ ಅರಬಿ ಒಗಿಯೂದ ಏನ್ರಿ?” ಎಂದಳು.

“ಹೂಂ. ಇದು ತೂಗೂದು. ತೊಟ್ಟಿಲ ತೂಗಿದಾಂಗ ತೂಗಿದ್ರ ಆತು, ಅರಬಿ ತಾವ ಸ್ವಚ್ಛ ಆಗತಾವ.”

“ತೊಟ್ಟಿಲ ತೂಗೂ ವಯಸ್ಸ ಏನ್ ನಮ್ದು? ಮಗಳು ಲಗ್ನಕ್ಕ ಬಂದಾಳ. ನಾಳೆ ಬೀಗರು ಬಂದ್ರ ಎಲ್ಲಿ ಕುಂಡ್ರಸೂದು, ಇದರಾಗ ಏನು?”

ದುರ್ಗಪ್ಪ ನಕ್ಕ. ಚಕ್ಕಡಿಯವನೂ ನಕ್ಕ. ಸುಂದ್ರವ್ವ ನಗಲಿಲ್ಲ.

ಕೊಣ್ಣೂರಿನ ಅಗಸರಲ್ಲಿ ದುರ್ಗಪ್ಪನದು ಹಳೆಯ ಮನೆತನ. ಅವನ ಅಪ್ಪನ ಕಾಲದಿಂದಲೂ ಫಾಲ್ಸಿನ ಹತ್ತಿ ಗಿರಣಿಯ ಸಾಹೇಬರ ಬಂಗಲೆಗಳ ಬಟ್ಟೆ ಒಗೆಯುತ್ತಿದ್ದವರು ಅವರೇ. ಸ್ವಾತಂತ್ರ್ಯ ಬಂದ ಮರುವರ್ಷ ಒಬ್ಬ ಸಾಹೇಬ ಹೆಂಡತಿ ಮಕ್ಕಳೊಡನೆ ವಿಲಾಯತಿಗೆ ಹೊರಟುನಿಂತ. ಹೋಗುವಾಗ ಕುದುರೆ ಲಾಯದಲ್ಲಿ ಬಿದ್ದಿದ್ದ ಸಾಮಾನನ್ನೆಲ್ಲ ಹಾಗೇ ಬಿಟ್ಟುಹೋದ. ಅದರಲ್ಲಿ ಮೂರು ಕಾಲಿನ ಮೇಲೆ ನಿಂತ ಒಂದು ದುಂಡನೆಯ ಪೀಪಾಯಿಯಿತ್ತು. ಮುಚ್ಚಳದ ಮೇಲೆ ಹಲ್ಲಿನ ಗಾಲಿ, ಅದಕ್ಕೊಂದು ಹಿಡಿಕೆ. ಹಿಡಿಕೆಯನ್ನು ಆಡಿಸಿದರೆ ಒಳಗಿನ ಗೂಟಗಳು ತಿರುಗಿ ಬಟ್ಟೆಯನ್ನು ಬಿಸಿನೀರಿನಲ್ಲಿ ಹೊರಳಾಡಿಸುತ್ತಿದ್ದವು. ಬದಿಯಲ್ಲಿ ರಬ್ಬರಿನ ಎರಡು ಉರುಳೆಗಳು. ಗಾಣಕ್ಕೆ ಕಬ್ಬು ಕೊಟ್ಟ ಹಾಗೆ ಹಸಿ ಬಟ್ಟೆ ಕೊಟ್ಟರೆ ನೀರೆಲ್ಲ ಹಿಂಡಿಹೋಗಿ ಆಚೆ ಕಡೆ ಬರುತ್ತಿತ್ತು. ಬಂಗಲೆಯ ಅಡಿಗೆಯವನು, “ಉರುವಲಕ್ಕರ ಆಗತೈತಿ, ಒಯ್ಯಿ ಮಾರಾಯಾ,” ಎಂದಿದ್ದ. ದುರ್ಗಪ್ಪ ಅದನ್ನು ಉರುವಲು ಮಾಡಲಿಲ್ಲ. ಒಡೆದ ಹಲಗೆಗೆ ಬಡಿಗನಿಂದ ತೇಪೆ ಹಾಕಿಸಿದ, ಸವೆದ ರಬ್ಬರಿನ ಮೇಲೆ ಸೈಕಲ್ ಟ್ಯೂಬು ಸುತ್ತಿದ.

ಅಲ್ಲಿಂದ ಅವನಿಗೆ ಅದೇ ಹುಚ್ಚು ಹಿಡಿಯಿತು. ಹುಕ್ಕೇರಿಯಲ್ಲಿ ಕಂಚುಗಾರನೊಬ್ಬ ಕರಗಿಸಲೆಂದು ಇಟ್ಟುಕೊಂಡಿದ್ದ ತಾಮ್ರದ ಯಂತ್ರವನ್ನು ಕೈಮುಗಿದು ಬಿಡಿಸಿಕೊಂಡು ಬಂದ. ಈಗ ಈ ತೂಗುವ ತೊಟ್ಟಿ. ಕಣಗಲಾದ ರೈತನೊಬ್ಬ ಅದರಲ್ಲಿ ಹತ್ತಿಕಾಳು ನೆನೆಹಾಕಿ ಎತ್ತುಗಳಿಗೆ ತಿನ್ನಿಸುತ್ತಿದ್ದನಂತೆ.

ಯಂತ್ರಗಳ ಮೇಲೆ ಸುಂದ್ರವ್ವನ ಸಿಟ್ಟಿಗೆ ಕಾರಣವಿತ್ತು. ಪೀಪಾಯಿಯಲ್ಲಿ ಮೊದಲ ಸಲ ಒಗೆದದ್ದು ಗಿರಣಿಯ ಹೆಡ್‌ಕ್ಲಾರ್ಕನ ಅಂಗಿಗಳನ್ನು. ಉರುಳೆಯ ನಡುವೆ ಸಿಕ್ಕು ಗುಂಡಿಗಳೆಲ್ಲ ಪುಡಿಪುಡಿಯಾದವು. ಹೆಡ್‌ಕ್ಲಾರ್ಕ್ ಒಂದು ಕೈಯಲ್ಲಿ ಅಂಗಿಯನ್ನೂ ಇನ್ನೊಂದು ಕೈಯಲ್ಲಿ ಗುಂಡಿಯ ಪುಡಿಯನ್ನೂ ಹಿಡಿದುಕೊಂಡು ಮನೆ ಬಾಗಿಲಿಗೆ ಬಂದಿದ್ದ. ಕುಲದ ಹಿರಿಯ ಉದ್ದಪ್ಪ ಕಾಕಾ ಅದನ್ನು ಹೊಳೆಯ ದಂಡೆಯ ಮೇಲೆ ಕೂತು ವರ್ಷಗಟ್ಟಲೆ ಹೇಳಿ ನಗಿಸಿದ. “ಕಲ್ಲ ಐತಿ, ರಟ್ಟಿ ಐತಿ, ಹೊಳಿ ಐತಿ. ಇನ್ನೇನ ಬೇಕ ಅಂವಗ?” ಎನ್ನುತ್ತಿದ್ದ.

ತೂಗುವ ತೊಟ್ಟಿ ಬಂದ ಆ ಸಂಜೆ ಉಪವಾಸ ಕೂತ ಗಂಡನಿಗೆ ಸುಂದ್ರವ್ವ ಕಡೆಗೂ ಎರಡು ರೊಟ್ಟಿ ಬಡಿದು ಮುಂದಿಟ್ಟಳು. ಅವನು ರೊಟ್ಟಿ ಮುರಿಯದೆ ಅದನ್ನೇ ನೋಡುತ್ತ ಕೂತಿದ್ದ.

“ನಮ್ಮವ್ವಗ ಕಡೀಕ ರೊಟ್ಟಿ ಮುರಿಯಾಕ ಬರ್ತಿರಲಿಲ್ಲ. ಅರಬಿ ಒಗದ ಒಗದ ಬೆರಳ ಸೆಟದ ಹೋಗಿದ್ದೂ,” ಎಂದ. “ನೀನ ತುತ್ತ ಮಾಡಿ ಬಾಯಾಗ ಇಡ್ತಿದ್ದಿ.”

ಸುಂದ್ರವ್ವ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಅವಳ ಬಲಗೈ ಮಣಿಕಟ್ಟು ಹೋದ ಚಳಿಗಾಲದಿಂದ ಬಾತುಕೊಂಡಿತ್ತು. ಅವನಿಗೆ ಗೊತ್ತಾಗಿರಲಿಕ್ಕಿಲ್ಲ ಎಂದುಕೊಂಡಿದ್ದಳು.

ಶ್ರಾವಣದಲ್ಲಿ ಹೊಳೆ ಕೆಂಪಗೆ ತುಂಬಿ ಬಂದು ಒಗೆಯುವ ಕಲ್ಲುಗಳೆಲ್ಲ ಮುಳುಗಿದಾಗ, ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಅವಳು ಆ ತೂಗುವ ತೊಟ್ಟಿಗೆ ಬಿಸಿನೀರು ಸುರಿದು ತನ್ನದೇ ಎರಡು ಸೀರೆ ಹಾಕಿದಳು. ತೂಗಿದಳು. ತಳದ ಹಲಗೆಗೆ ಗೆರೆಗೆರೆಯಾಗಿ ಏಣುಗಳಿದ್ದವು. ಅವಕ್ಕೆ ಉಜ್ಜಿಕೊಂಡು ಸೀರೆಗಳು ಗುಳುಗುಳು ಎಂದವು. ಮಣಿಕಟ್ಟು ನೋಯಲಿಲ್ಲ. ಸೀರೆ ತೆಗೆದು ಮೂಸಿ ನೋಡಿದಳು, ಅಂಚು ತಿಕ್ಕಿ ನೋಡಿದಳು. ಮಗಳು ಗುಡ್ಡವ್ವ ಹಿತ್ತಲ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ್ದಳು. “ಅಪ್ಪಗ ಹೇಳ್ಲಿ ಏನವ್ವಾ?” ಎಂದು ಕಿಸಕ್ಕನೆ ನಕ್ಕಳು.

ಹೇಳುವುದೇನೂ ಉಳಿಯಲಿಲ್ಲ. ದೀಪಾವಳಿ ಹೊತ್ತಿಗೆ ಮೂರೂ ಯಂತ್ರಗಳು ಅಂಗಳದಲ್ಲಿ ಸಾಲಾಗಿ ನಿಂತಿದ್ದವು. ದಪ್ಪ ಧೋತರಗಳು ಪೀಪಾಯಿಗೆ, ಹಾಸಿಗೆ ಹೊದಿಕೆ ತಾಮ್ರಕ್ಕೆ, ನಾಜೂಕಿನ ಸೀರೆ ತೊಟ್ಟಿಗೆ. ಗುಂಡಿಯಿದ್ದ ಅಂಗಿಯನ್ನು ಗುಂಡಿ ಒಳಗೆ ಮಡಚಿ ಉರುಳೆಗೆ ಕೊಡಬೇಕೆಂದು ಕಂಡುಕೊಂಡವಳು ಸುಂದ್ರವ್ವ. ಅದೇ ಚಳಿಗಾಲದಲ್ಲಿ ಉದ್ದಪ್ಪ ಕಾಕಾ ತನ್ನ ಮೊಮ್ಮಗ ಲಗಮಣ್ಣನಿಗೆ ಗುಡ್ಡವ್ವನನ್ನು ಕೇಳಲು ಬಂದ. ಪಡಸಾಲೆಯಲ್ಲಿ ಈಗ ಕೂಡ್ರಲು ಜಾಗವಿತ್ತು. ಎಲೆ ಅಡಿಕೆ ಬದಲಾಯಿಸಿದರು. ಸುಗ್ಗಿ ಕಳೆದ ಮೇಲೆ ಮುಹೂರ್ತ ನೋಡುವುದೆಂದಾಯಿತು.

ನಾಗಪುರದಲ್ಲಿ ಹೊರಕೇರಿಗಳ ಲಕ್ಷಗಟ್ಟಲೆ ಜನ ಬೌದ್ಧರಾದ ದೊಡ್ಡ ದೀಕ್ಷೆಯ ಮರುವರ್ಷದ ಬೇಸಿಗೆ ಅದು. ಒಂದು ಮುಂಜಾನೆ ನಡುವಯಸ್ಸಿನ ಹೆಂಗಸೊಬ್ಬಳು ಬಂದು ಅಂಗಳದ ಹೊರಗೆ, ಬೇಲಿಯ ಆಚೆಯೇ ನಿಂತಳು. ಹೆಸರು ಅಲ್ಲವ್ವ, ಮೂಡಲಗಿಯ ಹೊರಕೇರಿಯವಳು. ಅವಳ ತಮ್ಮ ಗಿರಣಿಯಲ್ಲಿ ಕೆಲಸಕ್ಕಿದ್ದ. ಈ ಯಂತ್ರಗಳ ಸುದ್ದಿ ಹೇಳಿದವನು ಅವನೇ.

“ಒಳಗ ಬರ್ರಿ,” ಎಂದ ದುರ್ಗಪ್ಪ, ರೂಢಿಯ ಮಾತಿನಂತೆ. ಅವಳು ಬರಲಿಲ್ಲ.

“ನಮ್ಮ ಕೇರಿ ಮಂದಿ ಎಲ್ಲಾರೂ ದೀಕ್ಷಾ ತಗೊಳ್ಳಾವ್ರ ಅದೇವ್ರಿ, ಈ ಹುಣ್ಣಿವಿಗೆ. ಬಿಳಿ ಅರಬಿ ಉಟ್ಕೊಂಡ ನಿಂದ್ರಬೇಕಂತ. ಹೊಸಾವು ಎಲ್ಲಾರಿಗೂ ಎಲ್ಲಿಂದ ತರೂದ್ರಿ? ಇದ್ದಾವು ಅದಾವು, ಖರೆ ಬೆಳ್ಳಗಿಲ್ಲ. ಹುಟ್ಟಿದಾಗಿಂದ ಹಳ್ಳದ ಸವುಳ ನೀರಾಗ ಒಗದಾವ್ರ ನಾವು. ಈಗ ನಾವ ಭಾವಿ ತೋಡೇವಿ, ನೀರ ಚೊಲೋ ಐತಿ. ಆದ್ರ ಹಳೇ ಹಳದಿ ಬಿಡವಲ್ಲದು.”

ಅವಳು ಸ್ವಲ್ಪ ತಡೆದು ಮುಂದುವರಿಸಿದಳು.

“ನಿಮ್ಮ ಕುಲದಾವ್ರು ನಮ್ಮ ಅರಬಿ ಮುಟ್ಟಾಂಗಿಲ್ಲ ಅನ್ನೂದು ಗೊತ್ತೈತ್ರಿ. ಒಗದ ಕೊಡ್ರಿ ಅನ್ನಾಂಗಿಲ್ಲ. ಯಂತ್ರ ಒಂದ ದಿನ ಕೊಡ್ರಿ. ನಾವ ತಿರುವ್ತೇವಿ.”

ಊರೆಲ್ಲ ನಕ್ಕರೂ ಯಂತ್ರ ಬಿಡದ ದುರ್ಗಪ್ಪ ಈಗ ನೆಲ ನೋಡುತ್ತ ನಿಂತ. ಅವನ ಮನಸ್ಸಿನಲ್ಲಿ ಏನು ಓಡುತ್ತಿದೆಯೆಂದು ಸುಂದ್ರವ್ವನಿಗೆ ಗೊತ್ತಿತ್ತು. ಅವಳ ಮನಸ್ಸಿನಲ್ಲಿಯೂ ಅದೇ ಇತ್ತು: ಕುಲದವರು, ಉದ್ದಪ್ಪ ಕಾಕಾ, ಬದಲಾಯಿಸಿದ ಎಲೆ ಅಡಿಕೆ. ಬೇಲಿಯಾಚೆ ನಿಂತವಳ ಸೀರೆಯನ್ನು ನೋಡಿದಳು. ಒಗೆಯುವವಳ ಕಣ್ಣು ಅದು. ಬರುವ ಮೊದಲು ಅಲ್ಲವ್ವ ಅದನ್ನು ತಿಕ್ಕಿ ತಿಕ್ಕಿ ಒಗೆದಿದ್ದಳು. ಮಡಿಕೆಯ ಕಡೆ ನೂಲು ಎದ್ದಿತ್ತು. ಅಷ್ಟು ತಿಕ್ಕಿದರೂ ಹಳದಿ ಹೋಗಿರಲಿಲ್ಲ.

“ಯಂತ್ರ ಅಷ್ಟ ಕಳಸಾಕ ಬರಾಂಗಿಲ್ಲವಾ,” ಎಂದಳು ಸುಂದ್ರವ್ವ.

ಅಲ್ಲವ್ವ ತಲೆಯಾಡಿಸಿ ಸೆರಗು ಸರಿಮಾಡಿಕೊಂಡಳು, ಹೊರಡುವವಳ ಹಾಗೆ.

“ನಿಂದ್ರ, ಪೂರಾ ಕೇಳು. ಗೊತ್ತಿಲ್ಲದಾವ್ರು ತಿರುವಿದ್ರ ಸೀರಿ ಹರೀತಾವ. ನಾವೂ ಬರ್ತೇವಿ. ಸೋಡಾ ತರ್ತೇವಿ, ನೀಲಿನೂ ತರ್ತೇವಿ. ಕಟಗಿ ಮಾತ್ರ ನೀವು ಕೂಡಿಸಿ ಇಡ್ರಿ.”

ದುರ್ಗಪ್ಪ ಹೆಂಡತಿಯ ಮುಖವನ್ನು ಮೊದಲ ಸಲ ನೋಡುವವನಂತೆ ನೋಡಿದ.

ಹುಣ್ಣಿಮೆಗೆ ನಾಲ್ಕು ದಿನ ಮುಂಚೆ, ಚಕ್ಕಡಿಯಲ್ಲಿ ಯಂತ್ರಗಳನ್ನು ಕಟ್ಟಿಕೊಂಡು ರಾತ್ರಿಯೇ ಹೊರಟು ಮೂಡಲಗಿ ಮುಟ್ಟುವಾಗ ಬಿಸಿಲೇರಿತ್ತು. ಹೊಸ ಭಾವಿಯ ಬದಿ, ಬೇವಿನ ಮರದ ಕೆಳಗೆ ಒಲೆಗಳು ಆಗಲೇ ಉರಿಯುತ್ತಿದ್ದವು. ಹೆಂಗಸರು ಗಂಟುಗಳನ್ನು ತಂದು ಸುಂದ್ರವ್ವನಿಂದ ತುಸು ದೂರದಲ್ಲಿ ಇಟ್ಟು ಹಿಂದೆ ಸರಿದು ನಿಂತರು. ಯಾರೂ ಬಿಚ್ಚಲಿಲ್ಲ. ಮೊದಲ ಗಂಟನ್ನು ಸುಂದ್ರವ್ವನೇ ಬಿಚ್ಚಿದಳು. ಧೋತರ ಬೇರೆ, ಸೀರೆ ಬೇರೆ, ಕೂಸುಗಳ ಅಂಗಿ ಬೇರೆ ಮಾಡುತ್ತ ಹೋದಳು. ಒಂದೊಂದನ್ನೂ ಕೈಯಲ್ಲಿ ಹಿಡಿದು ಕಲೆ ಎಲ್ಲಿದೆಯೆಂದು ನೋಡಿದಳು. ಸುತ್ತಲಿನ ಮಾತು ನಿಂತುಹೋಗಿತ್ತು.

ನಿಂತ ಮಾತು ಮತ್ತೆ ಶುರುವಾದದ್ದು ಯಂತ್ರದಿಂದ. ಪೀಪಾಯಿಯ ಹಿಡಿಕೆ ತಿರುವಲು ಗಂಡಸರು ನಾಮುಂದು ತಾಮುಂದು ಎಂದರು. ಮುದುಕಿಯರು ತೊಟ್ಟಿಯನ್ನು ತೂಗುತ್ತ ಜೋಗುಳ ಹಾಡಿ ನಕ್ಕರು. ದುರ್ಗಪ್ಪ ಒಂದರಿಂದ ಒಂದಕ್ಕೆ ಓಡಾಡುತ್ತ, “ಹಗೂರಕ, ಹಗೂರಕ! ಅದು ಎತ್ತಲ್ಲಪಾ, ಹೊಡೀಬ್ಯಾಡ,” ಎಂದು ಕೂಗುತ್ತಿದ್ದ. ಸುಂದ್ರವ್ವ ಬೆಂದ ಬಟ್ಟೆಯನ್ನು ತಿಳಿನೀರಿಗೆ ಎತ್ತಿ ಹಾಕಿ, ಅಲ್ಲಿಂದ ನೀಲಿಗೆ, ನೀಲಿಯಿಂದ ಉರುಳೆಗೆ ಕೊಡುತ್ತ ನಿಂತಳು. ಮೊಣಕೈವರೆಗೆ ನೀಲಿಯಾಗಿತ್ತು.

ಮಧ್ಯಾಹ್ನ ಅಲ್ಲವ್ವ ಚಹಾ ಮಾಡಿಕೊಂಡು ಬಂದಳು. ಎರಡು ಹೊಸ ಕಪ್ಪುಗಳಲ್ಲಿ ತಂದಿದ್ದಳು. ಕೈಗೆ ಕೊಡಬೇಕೋ ಕೆಳಗಿಡಬೇಕೋ ತಿಳಿಯದೆ ಹಿಡಿದುಕೊಂಡೇ ನಿಂತಳು.

“ಆರೂತನಕ ಹಿಡ್ಕೊಂಡ ನಿಂದ್ರತಿ ಏನ?” ಎಂದು ಸುಂದ್ರವ್ವ ಅವಳ ಕೈಯಿಂದಲೇ ಕಪ್ಪು ತೆಗೆದುಕೊಂಡಳು. ಬೆಲ್ಲದ ಚಹಾ, ಶುಂಠಿ ಜಾಸ್ತಿಯಾಗಿತ್ತು. ಪೂರ್ತಿ ಕುಡಿದಳು.

ಇಳಿಹೊತ್ತಿಗೆ ಬರಿದಾದ ಜೋಳದ ಹೊಲದ ಉದ್ದಕ್ಕೂ ಬಟ್ಟೆ ಹರವಿದ್ದರು. ಬಿಸಿಲಿಗೆ ಕಣ್ಣು ಕೋರೈಸುವಂತಿತ್ತು. ಕೇರಿಯ ಹಿರಿಯ ಕರೆಪ್ಪ ಕೋಲೂರಿಕೊಂಡು ಸಾಲಿನಲ್ಲಿ ತನ್ನ ಧೋತರ ಹುಡುಕುತ್ತ ಎರಡು ಸಲ ಅದರ ಮುಂದೆಯೇ ದಾಟಿಹೋದ. ಸುಂದ್ರವ್ವ ಎತ್ತಿ ಕೈಗೆ ಕೊಟ್ಟಳು.

“ಇದು ನಂದ ಏನ?” ಎಂದ ಅವನು. ಅಂಚಿನ ಹೊಲಿಗೆಯನ್ನು ಬೆರಳಿನಿಂದ ತಡವಿ ಗುರುತು ಹಿಡಿದ. “ನಂದ ಐತಿ,” ಎಂದು ತನಗೇ ಹೇಳಿಕೊಂಡು ಅದನ್ನು ಎದೆಗೊತ್ತಿಕೊಂಡು ನಿಂತ.

ಸುದ್ದಿ ಚಕ್ಕಡಿಗಿಂತ ಮೊದಲೇ ಕೊಣ್ಣೂರು ಮುಟ್ಟಿತ್ತು. ಎರಡೇ ದಿನಕ್ಕೆ ಕುಲದವರು ಗುಡಿಯ ಕಟ್ಟೆಗೆ ಕರೆದರು. ಉದ್ದಪ್ಪ ಕಾಕಾನ ಮುಖ ಸಣ್ಣದಾಗಿತ್ತು. ಬೀಗತನ ಮುರಿಯುವುದು ಅವನಿಗೂ ಬೇಕಿರಲಿಲ್ಲ. ಉಳಿದವರು ಬಾಯಿ ತೆರೆಯುವ ಮೊದಲೇ ತಾನೇ ದಾರಿ ಮಾಡಿಕೊಟ್ಟ.

“ತಂಗಿ, ಒಂದ ಮಾತ ಹೇಳು, ಮುಗದ ಹೋಗಲಿ. ಅರಬಿ ಒಗದದ್ದು ಯಂತ್ರ. ತಿರುವಿದಾವ್ರು ಅವರ. ನೀವು ಗಂಡ ಹೆಂಡ್ತಿ ಬಾಜೂಕ ನಿಂತ ತೋರ್ಸೀರಿ, ಅಷ್ಟ. ಹೌದಿಲ್ಲೋ?”

ದುರ್ಗಪ್ಪ “ಹೌದ್ರಿ” ಎನ್ನಲು ಬಾಯಿ ತೆರೆದಿದ್ದ. ಸುಂದ್ರವ್ವ ತಡೆಯದಿದ್ದರೆ ಅಂದೇಬಿಡುತ್ತಿದ್ದ.

“ಇಲ್ರಿ ಕಾಕಾ,” ಎಂದಳು ಅವಳು. “ಯಂತ್ರಕ್ಕ ಏನ ತಿಳೀತೈತ್ರಿ? ನಾನ ಒಗದೇನಿ. ಗಂಟ ಬಿಚ್ಚಿ, ಮುಟ್ಟಿ ಒಗದೇನಿ. ಅವರ ಮನಿ ಚಾನೂ ಕುಡದೇನಿ.”

“ಮಗಳ ಮಾರಿ ನೋಡಿ ಮಾತಾಡವಾ.”

“ಸುಳ್ಳ ಹೇಳಿದ್ರ ಆಕಿ ಮಾರಿ ಹೆಂಗ ನೋಡ್ಲ್ರಿ?”

ಉದ್ದಪ್ಪ ಕಾಕಾ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದ. ಬೀಗತನ ಮುರಿಯಿತು. ಹೊಳೆಯ ದಂಡೆಯಲ್ಲಿ ಅವರ ಕಲ್ಲನ್ನು ಬೇರೆಯವರು ಹಿಡಿದರು. ಊರ ಗಿರಾಕಿಗಳು ಒಬ್ಬೊಬ್ಬರೇ ಬಟ್ಟೆ ಕೊಡುವುದನ್ನು ಬಿಟ್ಟರು.

ಗುಡ್ಡವ್ವ ಅತ್ತಳು. ಲಗಮಣ್ಣ ಅವಳಿಗೆ ಮನಸ್ಸಿಗೆ ಬಂದಿದ್ದ. ತಾಯಿಯೊಡನೆ ಮಾತು ಬಿಟ್ಟಳು. ಬೇಕಾದ್ದನ್ನು ಅಪ್ಪನಿಗೆ ಹೇಳುತ್ತಿದ್ದಳು. ಒಂದು ದಿನ ತಲೆ ಬಾಚಿಸಿಕೊಳ್ಳಲು ಕೂತಾಗ ತಾನಾಗಿಯೇ ಕೇಳಿದಳು.

“ಯಂತ್ರ ಒಗೀತು ಅಂದಿದ್ರ ನಿಂದೇನ ಹೋಗ್ತಿತ್ತವ್ವಾ? ಕಾಕಾ ತಾವ ಹೇಳಿಕೊಟ್ಟಿದ್ರಲ್ಲ.”

ಸುಂದ್ರವ್ವನ ಕೈಯಲ್ಲಿ ಬಾಚಣಿಗೆ ನಿಂತಿತು. ಆ ಮುದುಕ ಧೋತರ ಹಿಡಿದು ನಿಂತದ್ದನ್ನು ಹೇಳಬೇಕೆಂದುಕೊಂಡಳು. ಹೇಗೆ ಹೇಳುವುದೋ ತಿಳಿಯಲಿಲ್ಲ.

“ನನಗ ಗೊತ್ತಿಲ್ಲ ಮಗಾ. ಬಾಯಿಗೆ ಬರಲಿಲ್ಲ ಅದು,” ಎಂದಳು. “ನಿನಗ ಅನ್ಯಾಯ ಆತು. ಅದು ನನಗ ತಿಳೀತೈತಿ.”

ಗುಡ್ಡವ್ವ ಎದ್ದುಹೋಗಲಿಲ್ಲ. ಜಡೆ ಮುಗಿಯುವವರೆಗೆ ಕೂತಿದ್ದಳು.

ಗಿರಣಿ ಕೆಲಸಗಾರರ ಚಾಳುಗಳಿಂದ ಬರುವ ಬಟ್ಟೆ ಒಗೆದು ಹೊಟ್ಟೆ ಹೇಗೋ ನಡೆಯಿತು. ಮುಂದೆ ಹಿಡಕಲ್ಲಿನಲ್ಲಿ ಆಣೆಕಟ್ಟಿನ ಕೆಲಸ ಶುರುವಾಗಿ ಎಲ್ಲೆಲ್ಲಿಂದಲೋ ಜನ ಬಂದು ತುಂಬಿದರು. ಮೇಸ್ತ್ರಿಗಳು, ಡ್ರೈವರುಗಳು, ಓವರಸೀಯರುಗಳು; ಯಾರ ಬಟ್ಟೆ ಯಾರ ಬಟ್ಟೆಯ ಜೊತೆ ಬೆಂದಿತು ಎಂದು ಕೇಳುವ ಪುರಸೊತ್ತು ಅವರಿಗಿರಲಿಲ್ಲ. ದುರ್ಗಪ್ಪ ಯಂತ್ರಗಳನ್ನು ಅಲ್ಲಿಗೆ ಸಾಗಿಸಿ ತಗಡಿನ ಶೆಡ್ಡು ಹಾಕಿದ. ಹಳೆಯದು ಎಲ್ಲಿ ಸಿಕ್ಕರೂ ತರುವ ಹುಚ್ಚು ಬಿಟ್ಟಿರಲಿಲ್ಲ. ಈಗ ತರುವ ಮುಂಚೆ ಸುಂದ್ರವ್ವನೂ ಹೋಗಿ, ಹಿಡಿಕೆ ತಿರುವಿ ನೋಡಿ, ಬೇಕು ಬೇಡ ಎನ್ನುತ್ತಿದ್ದಳು.

ಗುಡ್ಡವ್ವನ ಲಗ್ನ ಅಲ್ಲಿಯೇ ಆಯಿತು. ಹುಡುಗ ಮಮದಾಪುರದವನು, ತಮ್ಮದೇ ಕುಲದವನು, ಆಣೆಕಟ್ಟಿನ ಕಾಲನಿಯ ಇಸ್ತ್ರಿ ಅಂಗಡಿಯವನು. ಕಟ್ಟೆಯ ಸುದ್ದಿ ತಿಳಿದೇ ಒಪ್ಪಿದ್ದ. ಮೂಡಲಗಿಯಿಂದ ಅಲ್ಲವ್ವ ಬಂದಳು, ಕರೆಪ್ಪನನ್ನು ಕೈಹಿಡಿದು ಕರೆತಂದಳು. ಕೊಣ್ಣೂರಿನಿಂದ ಯಾರೂ ಬರುವುದಿಲ್ಲ ಎಂದುಕೊಂಡಿದ್ದರು. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಉದ್ದಪ್ಪ ಕಾಕಾ ಒಬ್ಬನೇ ಬಂದ. ಚಪ್ಪರದ ಬಾಯಿಯಲ್ಲಿ ನಿಂತು ಪಂಕ್ತಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಕಡೆಗೆ ಕರೆಪ್ಪನ ಬದಿಯಲ್ಲಿ, ನಡುವೆ ಒಬ್ಬರು ಕೂಡ್ರುವಷ್ಟು ಜಾಗ ಬಿಟ್ಟು ಕೂತ.

ಸುಂದ್ರವ್ವ ಆ ಜಾಗದಲ್ಲಿ ಹುಗ್ಗಿಯ ಪಾತ್ರೆ ಇಟ್ಟುಕೊಂಡು ಇಬ್ಬರಿಗೂ ಬಡಿಸಿದಳು.